ಹೊಗೆಯಿಲ್ಲದ ಕಲ್ಲಿದ್ದಲು

ನ್ಯಾಂಟ್ ಗ್ವಿನ್ ಹಡಗಿನ ಹೊಗೆಕೊಳವೆಯತ್ತ ತಲೆಯೆತ್ತಿದಾಗಲೆಲ್ಲ ಇಥೆಲ್ ಬೆವನ್ ಹಿಂದಿನ ಸಮುದ್ರವನ್ನೂ ಒಮ್ಮೆ ತಿರುಗಿ ನೋಡುತ್ತಿದ್ದ. ಅವನು ಆ ಹಡಗಿನ ಚೀಫ್ ಇಂಜಿನಿಯರ್, ಹೊಗೆ ಅವನದೇ ಒಲೆಗಳದ್ದು. ಮಾರ್ಚ್ ತಿಂಗಳ ತಿಳಿಯಾದ ಬೆಳಗು, ಸ್ಕಾಟ್ಲೆಂಡಿನ ಪಶ್ಚಿಮದ ಸಮುದ್ರ ಎಂದೂ ಇಲ್ಲದಷ್ಟು ಸುಮ್ಮನಿತ್ತು. ಅಂಥ ಆಕಾಶದಲ್ಲಿ ಆ ಕಂದುಗಪ್ಪು ಹೊಗೆ ದಪ್ಪಗೆ ಎದ್ದು, ಹಿಂದಕ್ಕೆ ಬಾಗಿ, ಕಣ್ಣಿಗೆ ಕಾಣುವಷ್ಟು ದೂರವೂ ಹರಡಿಕೊಂಡಿತ್ತು. ನಾವು ಇಲ್ಲೇ ಇದ್ದೇವೆ, ದಯಮಾಡಿಸಿ ಎಂದು ಜರ್ಮನರನ್ನು ಊಟಕ್ಕೆ ಕರೆದ ಹಾಗೆ.

ಇಥೆಲ್‌ನ ಊರಿನ ನುಡಿಯಲ್ಲಿ ಹಡಗಿನ ಹೆಸರಿನ ಅರ್ಥ ಬಿಳಿ ಹೊಳೆ. ಹೆಸರಿಟ್ಟ ಮಾಲೀಕನಿಗೆ ತಮಾಷೆಯ ಬುದ್ಧಿ ಇತ್ತೋ, ಕಣ್ಣೇ ಇರಲಿಲ್ಲವೋ, ಹುಟ್ಟಿದಂದಿನಿಂದ ಅದು ಹೊತ್ತದ್ದು ಕಲ್ಲಿದ್ದಲನ್ನೇ. ಬ್ಯಾರಿ ಬಂದರಿನಲ್ಲಿ ಹೊಟ್ಟೆ ತುಂಬಿಸಿಕೊಂಡು ಜಿಬ್ರಾಲ್ಟರ್, ಮಾಲ್ಟಾ ಎಂದು ನೌಕಾಪಡೆ ಹೋದಲ್ಲೆಲ್ಲ ಹಿಂದೆ ಹಿಂದೆ ಹೋಗುತ್ತಿತ್ತು. ಯುದ್ಧನೌಕೆಗಳಿಗೆ ಹಸಿವು ಜಾಸ್ತಿ. ಅವುಗಳ ಮಗ್ಗುಲಲ್ಲಿ ಇದು ನಿಂತರೆ ವಾದ್ಯದವರು ಹುರುಪಿನ ರಾಗ ನುಡಿಸುತ್ತಿದ್ದರು, ನಾವಿಕರು ಮೂಟೆ ಹೊತ್ತು ಮೂಗು ಬಾಯಿ ಎಲ್ಲ ಕಪ್ಪು ಮಾಡಿಕೊಳ್ಳುತ್ತಿದ್ದರು. ಕೊನೆಯ ಮೂಟೆ ಏರಿದ್ದೇ ತಡ, ‘ನಮ್ಮ ಬಣ್ಣ ಹಾಳಾಗುತ್ತೆ, ಆಚೆ ಹೋಗು’ ಎಂದು ಅಟ್ಟುತ್ತಿದ್ದರು. ಅವರಿಟ್ಟ ಅಡ್ಡಹೆಸರು ಮಸಿಯಜ್ಜಿ. ಅನ್ನ ಇಕ್ಕಿದವಳನ್ನು ಹೀಗೆ ಆಡಿಕೊಳ್ಳುವ ಧೈರ್ಯ ದೊಡ್ಡ ತೋಪು ಇಟ್ಟುಕೊಂಡವರಿಗೆ ಮಾತ್ರ ಬರುತ್ತದೆ. ಯುದ್ಧ ಶುರುವಾದ ಮೇಲೆ ಮಸಿಯಜ್ಜಿಗೆ ಬೂದು ಬಣ್ಣ ಬಳಿದು, ದೂರದ ಉತ್ತರದಲ್ಲಿ ಸ್ಕಾಪಾ ಫ್ಲೋ ಎಂಬಲ್ಲಿ ಲಂಗರು ಹಾಕಿ ಕುಳಿತ ಯುದ್ಧನೌಕೆಗಳಿಗೆ ಕಲ್ಲಿದ್ದಲು ಹೊರುವ ಕೆಲಸಕ್ಕೆ ಹಚ್ಚಿದರು.

ಹೊಟ್ಟೆ ಉರಿಯುವ ಸಂಗತಿ ಇಷ್ಟೇ. ಅದು ಹೊತ್ತದ್ದು ಅವರದೇ ಸೀಮೆಯ ರೋಂಡಾ ಕಣಿವೆಯ ಕಲ್ಲಿದ್ದಲು. ಜಗತ್ತಿನಲ್ಲೇ ಉತ್ತಮವಾದದ್ದು. ಸುಟ್ಟರೆ ಹೊಗೆಯೇ ಬರುವುದಿಲ್ಲ, ಅದಕ್ಕೇ ನೌಕಾಪಡೆಗೆ ಅದರ ಮೇಲೆ ಅಷ್ಟು ಆಸೆ. ಆದರೆ ಹೊರುವ ಹಡಗಿನ ಒಲೆಗೆ ಸರ್ಕಾರ ಕೊಟ್ಟದ್ದು ಯಾವುದೋ ಗಣಿಯ ಅಗ್ಗದ ಪುಡಿ, ಅರ್ಧ ಮಣ್ಣು, ಇನ್ನರ್ಧ ಹೊಗೆ. ಒಲೆಯ ಕಲ್ಲಿದ್ದಲಿನ ಕೋಣೆಗೂ ಸರಕು ತುಂಬಿದ ಹಡಗಿನ ಹೊಟ್ಟೆಗೂ ನಡುವೆ ಒಂದೇ ಒಂದು ಕಬ್ಬಿಣದ ಬಾಗಿಲು, ಅದಕ್ಕೆ ಸರ್ಕಾರದ ಸೀಸದ ಮೊಹರು. ಬೆಣ್ಣೆ ತುಂಬಿದ ಮಡಕೆ ಹೊತ್ತವನಿಗೆ ಒಣ ರೊಟ್ಟಿಯೇ ಗತಿ ಎಂದ ಹಾಗಾಯಿತು.

ಇಥೆಲ್ ಪುಕ್ಕಲನಾಗಿ ಹುಟ್ಟಿದವನಲ್ಲ. ಹೋದ ಚಳಿಗಾಲ ಅವನಿದ್ದ ಇನ್ನೊಂದು ಹಡಗಿಗೆ ಟಾರ್ಪಿಡೊ ಬಡಿದಾಗ ಅವನು ಗಾಳಿಗೆಂದು ಮೇಲೆ ಬಂದಿದ್ದ, ಅವನ ಜೊತೆಯವರು ಕೆಳಗಿದ್ದರು. ಅವರ ಕೂಗು ಗಾಳಿಕೊಳವೆಯಲ್ಲಿ ಮೇಲಕ್ಕೆ ಬರುತ್ತಲೇ ಇತ್ತು, ಆಮೇಲೆ ನಿಂತಿತು. ಅಂದಿನಿಂದ ಅವನು ಬೂಟು ಹಾಕಿಕೊಂಡೇ ಮಲಗುತ್ತಿದ್ದ, ಕೋಣೆಯ ಬಾಗಿಲು ಮುಚ್ಚುತ್ತಿರಲಿಲ್ಲ. ಹೆಂಡತಿ ಮೆರೆರಿಡ್ ಕೇಳಿದರೆ ಕಾಲಿಗೆ ಚಳಿ ಎನ್ನುತ್ತಿದ್ದ. ಈಗ ಅವನಿಗೆ ಬೇಕಾಗಿದ್ದದ್ದು ಒಂದೇ, ಆ ಹೊಗೆ ನಿಲ್ಲಬೇಕು, ತಾನೂ ತನ್ನ ಒಲೆಯ ಹುಡುಗರೂ ಜೀವಂತ ಸ್ಕಾಪಾ ತಲುಪಬೇಕು.

ಅವರದು ನಾಲ್ಕು ಕಲ್ಲಿದ್ದಲು ಹಡಗುಗಳ ಗುಂಪು. ಕಾವಲಿಗೆ ತೋಪು ಕಟ್ಟಿದ ಒಂದು ಮೀನು ಹಿಡಿಯುವ ದೋಣಿ. ಆ ದೋಣಿಯ ಒಡೆಯ ಮುರ್ಡೊ ಎಂಬ ಸ್ಕಾಟಿಷ್ ಮುದುಕ ಬೆಳಗಿನಿಂದ ಮೂರು ಸಲ ಬಾವುಟ ಏರಿಸಿ ಹೊಗೆ ಕಡಿಮೆ ಮಾಡಿ ಎಂದಿದ್ದ. ನಾಲ್ಕನೆಯ ಸಲ ದೋಣಿಯನ್ನು ಪಕ್ಕಕ್ಕೇ ತಂದು ಕೂಗುಕಹಳೆ ಬಾಯಿಗಿಟ್ಟುಕೊಂಡ.

“ಏಯ್ ಮಸಿಯಜ್ಜಿ! ಬಟ್ಟೆ ಒಗೆಯೋ ನೀರು ಕಾಯಿಸ್ತಿದ್ದೀರೇನ್ರೋ? ನಿಮ್ಮೊಬ್ರಿಂದ ಎಲ್ರೂ ಸಾಯ್ಬೇಕಾ?”

“ಸರ್ಕಾರ ಕೊಟ್ಟಿರೋ ಕಲ್ಲಿದ್ದಲು ಇದೇ!” ಎಂದು ಮೇಲಿನಿಂದ ಕ್ಯಾಪ್ಟನ್ ಟುಡ್ವಲ್ ಪ್ಯಾರಿ ಕೂಗಿದ.

“ಹೊಗೆ ನಿಲ್ಸಿ, ಇಲ್ಲಾ ಹಿಂದೆ ಉಳ್ಕೊಳ್ಳಿ! ನನಗೆ ಮಿಕ್ಕ ಮೂರು ಹಡಗು ಇವೆ!”

ಮಾತಿನ ಅರ್ಥ ಹಡಗಿನಲ್ಲಿ ಎಲ್ಲರಿಗೂ ಆಯಿತು. ಇಥೆಲ್ ಮೆಟ್ಟಿಲು ಹಾರಿಕೊಂಡು ಕ್ಯಾಪ್ಟನ್ ಬಳಿಗೆ ಓಡಿದ. ಟುಡ್ವಲ್ ಪ್ಯಾರಿ ಅವನ ಹೆಂಡತಿಯ ಅಣ್ಣ. ಹಡಗಿನಲ್ಲಿ ಕ್ಯಾಪ್ಟನ್, ಊರಲ್ಲಿ ಭಾವ. ಆ ದಿನ ಇಥೆಲ್‌ಗೆ ಅದು ಹಡಗು ಎಂಬುದು ನೆನಪಿರಲಿಲ್ಲ.

“ಭಾವ, ಆ ಬಾಗಿಲು ತೆಗೆಸು. ಒಂದಿಷ್ಟು ರೋಂಡಾ ಕಲ್ಲಿದ್ದಲು ಸಾಕು. ಅರ್ಧ ಗಂಟೇಲಿ ಹೊಗೆ ಮಾಯ.”

“ಅದು ನಮ್ದಲ್ಲ.”

“ಯಾರ್ದಾದ್ರೇನು? ಹಡಗು ಮುಳುಗಿದ್ರೆ ಆ ಕಲ್ಲಿದ್ದಲು ಮೀನುಗಳದ್ದಾಗುತ್ತೆ!”

“ಮುಳುಗಿದ್ರೆ ದೇವರ ಇಚ್ಛೆ. ಮೊಹರು ಒಡೆದ್ರೆ ಅದು ನನ್ನ ಇಚ್ಛೆ. ಕಳ್ಳತನಕ್ಕೆ ಬೇರೆ ಹೆಸರು ಇಡೋಕಾಗಲ್ಲ ಇಥೆಲ್.”

ಟುಡ್ವಲ್ ಊರಿನ ಚಾಪೆಲ್‌ನ, ಅಂದರೆ ಪ್ರಾರ್ಥನಾಮಂದಿರದ, ಹಿರಿಯ. ಪ್ರಾರ್ಥನೆಯ ಪೀಠದ ಕೆಳಗೆ, ಸಭೆಗೆ ಮುಖ ಮಾಡಿದ ದೊಡ್ಡ ಬೆಂಚಿನ ಮೇಲೆ ಕೂರುವವನು. ಹಿಂದೊಮ್ಮೆ ಅವನ ಸ್ವಂತ ಚಿಕ್ಕಪ್ಪನ ಮಗ ಕ್ರಿಸ್‌ಮಸ್‌ಗೆ ಮನೆ ಬೆಚ್ಚಗಿರಲಿ ಎಂದು ಹಡಗಿನ ಸರಕಿನಿಂದ ಒಂದು ಚೀಲ ಕಲ್ಲಿದ್ದಲು ಒಯ್ದಿದ್ದ. ಭಾನುವಾರ ಆ ಬೆಂಚಿನಿಂದ ಎದ್ದು ನಿಂತು ತಮ್ಮನ ಹೆಸರು ಹೇಳಿದವನು ಇದೇ ಟುಡ್ವಲ್. ಎಲ್ಲರೆದುರು ಆ ಮನುಷ್ಯನನ್ನು ಸಭೆಯಿಂದ ಹೊರಹಾಕಿದರು. ಆ ಊರಲ್ಲಿ ಚಾಪೆಲ್‌ನಿಂದ ಹೊರಬಿದ್ದವನಿಗೆ ಬೀದಿಯಲ್ಲಿ ಯಾರೂ ಮುಖ ಕೊಡುವುದಿಲ್ಲ, ಅವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಸಾಗರದಾಚೆಯ ಪ್ಯಾಟಗೋನಿಯಾಕ್ಕೆ ಹೋದವನು ಮತ್ತೆ ಊರ ಕಡೆ ತಲೆ ಹಾಕಲಿಲ್ಲ. ಒಂದು ಚೀಲಕ್ಕೆ ಅಷ್ಟು ಮಾಡಿದವನು ಈಗ ಹಡಗಿನ ಕಲ್ಲಿದ್ದಲಿಗೆ ಕೈ ಹಾಕುವುದು ಹೇಗೆ?

“ಹಿಂದೆ ಉಳೀತೀವಿ” ಎಂದು ಟುಡ್ವಲ್ ಬಾವುಟ ಏರಿಸಿದ.

ಮೂರು ಹಡಗುಗಳೂ ಕಾವಲು ದೋಣಿಯೂ ಮುಂದೆ ಮುಂದೆ ಹೋಗಿ ಸಣ್ಣದಾದವು, ಆಮೇಲೆ ಕಾಣಲೇ ಇಲ್ಲ. ಅಷ್ಟಗಲ ಸಮುದ್ರದಲ್ಲಿ ನ್ಯಾಂಟ್ ಗ್ವಿನ್ ಒಂದೇ, ಅದರ ತಲೆಯ ಮೇಲೆ ಅದರ ಹೊಗೆ.

ಇಥೆಲ್ ಕೆಳಗಿಳಿದ. ಬಾಯ್ಲರ್ ಕೋಣೆಗೆ ಇಳಿಯುವ ಏಣಿಯ ಒಂದೊಂದು ಮೆಟ್ಟಿಲಿಗೂ ಅವನ ಕಾಲು ಬರುವುದಿಲ್ಲ ಎಂದು ಹಟ ಮಾಡಿತು. ಹಡಗಿನ ಕಬ್ಬಿಣಕ್ಕೆ ಆಚೆಯಿಂದ ನೀರು ಬಡಿಯುವ ಸದ್ದು ಅಲ್ಲಿ ಕಿವಿಯ ಪಕ್ಕದಲ್ಲೇ ಕೇಳುತ್ತದೆ. ಪ್ರತಿ ಸದ್ದಿಗೂ ಅವನು ಬೆಚ್ಚುತ್ತಿದ್ದ. ಕೆಳಗೆ ಒಲೆ ನೋಡಿಕೊಳ್ಳುತ್ತಿದ್ದ ಫೈರ್‌ಮನ್ ವರ್ಸಮೆ ಸಲಿಕೆ ಊರಿ ನಿಂತ. ಸೋಮಾಲಿ ಮನುಷ್ಯ, ಕಾರ್ಡಿಫ್‌ನಲ್ಲಿ ಮನೆ ಮಾಡಿಕೊಂಡವನು.

“ಏನಂದ್ರು ಚೀಫ್?”

“ಕಳ್ಳತನ ಅಂದ.”

“ಸತ್ತ ಮೇಲೆ ನಮಗೆ ಒಳ್ಳೇ ಹೆಸರು ಬರುತ್ತೆ ಬಿಡಿ” ಎಂದು ವರ್ಸಮೆ ನಕ್ಕ. “ನನ್ನ ಹೆಂಡ್ತಿ ಆ ಹೆಸರನ್ನ ಬೇಯಿಸ್ಕೊಂಡು ತಿನ್ಲಿ.”

ಇಥೆಲ್ ಅವನ ಮುಖ ನೋಡಿದ. ಬೆವರಿನ ಕೆಳಗೆ ಆ ಮುಖವೂ ಹೆದರಿ ಬೂದಿಬಣ್ಣಕ್ಕೆ ತಿರುಗಿತ್ತು. ಇಥೆಲ್ ಗೋಡೆಯಲ್ಲಿ ತೂಗುಹಾಕಿದ್ದ ಸುತ್ತಿಗೆ ತೆಗೆದುಕೊಂಡ. ಕಲ್ಲಿದ್ದಲಿನ ಕೋಣೆಯಲ್ಲಿ ಕತ್ತಲೆಯಲ್ಲಿ ತಡವರಿಸಿ ಆ ಬಾಗಿಲು ಹುಡುಕಿದ. ಎರಡು ಏಟಿಗೆ ಮೊಹರು ಉದುರಿತು. ಬಾಗಿಲು ಎಳೆದದ್ದೇ ಆ ಕಡೆಯ ಕಲ್ಲಿದ್ದಲು ಹೊಳೆಹೊಳೆಯುತ್ತ ತಾನಾಗಿಯೇ ಈ ಕಡೆಗೆ ಸುರಿಯಿತು. ಇಬ್ಬರೂ ಹುಚ್ಚು ಹಿಡಿದವರ ಹಾಗೆ ಅದನ್ನು ತುಂಬಿ ತುಂಬಿ ಒಲೆಗೆ ಎಸೆದರು.

ಸ್ವಲ್ಪ ಹೊತ್ತಿಗೆ ಇಥೆಲ್ ಮೇಲೆ ಬಂದು ನೋಡಿದ. ಕೊಳವೆಯ ಬಾಯಿಯಲ್ಲಿ ಬಿಸಿ ಗಾಳಿ ನಡುಗುತ್ತಿತ್ತು, ಅಷ್ಟೇ. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಅವನಿಗೆ ಅಳು ಬಂತು. ಅಡಿಗೆಯವನು ಬಾಗಿಲಲ್ಲಿ ನಿಂತು ಮೇಲೆ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡ. ಬೆಳಗಿನಿಂದ ಮುಟ್ಟದ ಗಂಜಿಯ ಬಟ್ಟಲನ್ನು ಇಥೆಲ್ ನಿಂತಲ್ಲೇ ಬಾಚಿ ತಿಂದ.

ಕ್ಯಾಪ್ಟನ್‌ಗೂ ಕಣ್ಣಿತ್ತು. ಮಧ್ಯಾಹ್ನ ಕಳೆದ ಮೇಲೆ, ಎಂದೂ ಬಾಯ್ಲರ್ ಕೋಣೆಗೆ ಬಾರದ ಟುಡ್ವಲ್ ಏಣಿ ಇಳಿದು ಬಂದ. ಕರಿ ಕೋಟು, ಶುಭ್ರ ಕಾಲರು. ಅವನು ತೆರೆದ ಬಾಗಿಲನ್ನು ನೋಡಿದ, ನೆಲದ ಮೇಲಿದ್ದ ಸೀಸದ ಚೂರನ್ನು ನೋಡಿದ. ಟಾರ್ಪಿಡೊಗೆ ಹೆದರಿದ್ದ ಇಥೆಲ್ ಈಗ ಚಾಪೆಲ್‌ನ ದೊಡ್ಡ ಬೆಂಚಿಗೆ ಹೆದರಿದ. ಇನ್ನು ಮೆರೆರಿಡ್‌ಗೂ ಬೀದಿಯಲ್ಲಿ ಯಾರೂ ಮುಖ ಕೊಡುವುದಿಲ್ಲ, ಅದೂ ಅವಳ ಅಣ್ಣನ ಬಾಯಿಂದಲೇ.

“ಯಾರು ಒಡೆದದ್ದು?”

“ನಾನು ಭಾವ. ವರ್ಸಮೆಗೆ ಸಂಬಂಧ ಇಲ್ಲ. ಬೇಕಾದ್ರೆ ಭಾನುವಾರ ನನ್ನ ಹೆಸರು ಹೇಳು. ಆದ್ರೆ ಬಾಗಿಲು ಮುಚ್ಚಲ್ಲ, ಕೊಂದ್ರೂ ಮುಚ್ಚಲ್ಲ.”

ಟುಡ್ವಲ್ ಸೀಸದ ಚೂರನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ.

“ಬೆಳಗಿನಿಂದ ನನಗೆ ಕೈ ನಿಲ್ತಿಲ್ಲ ಕಣೋ” ಎಂದ. “ನೀರಲ್ಲಿ ಬಾಟ್ಲಿ ತೇಲಿದ್ರೂ ಸಬ್‌ಮರೀನ್ ಅನ್ನಿಸ್ತಿದೆ. ದೇವರ ಇಚ್ಛೆ ಅಂತ ನಿನಗೆ ಹೇಳಿ ಬಂದು ಅಲ್ಲಿ ಒಬ್ನೇ ನಡುಗ್ತಿದ್ದೆ. ಹೊಗೆ ನಿಂತದ್ದು ನೋಡಿ ಏನು ಮಾಡ್ದೆ ಗೊತ್ತಾ? ದೇವರಿಗೆ ಕೃತಜ್ಞತೆ ಹೇಳ್ದೆ. ಕದ್ದ ಕಲ್ಲಿದ್ದಲಿಗೆ.”

ಅವನು ಬಗ್ಗಿ ಒಂದು ದಪ್ಪ ಹೆಂಟೆ ಎತ್ತಿಕೊಂಡ, ಬರಿಗೈಯಲ್ಲೇ. ವರ್ಸಮೆ ಒಲೆಯ ಬಾಗಿಲು ತೆರೆದ. ಟುಡ್ವಲ್ ಅದನ್ನು ಒಳಗೆಸೆದ.

“ಈಗ ಹೆಸರು ಹೇಳೋದಾದ್ರೆ ಎರಡು ಹೆಸರು ಹೇಳ್ಬೇಕು” ಎಂದ. “ಮುಚ್ಚಬೇಡ. ಉರಿಸು.”

ಇಥೆಲ್‌ಗೆ ಅವನ ಕೈ ಹಿಡಿದುಕೊಳ್ಳಬೇಕೆನ್ನಿಸಿತು. ಹಿಡಿಯುವುದರೊಳಗೆ ಹಡಗು ಮಾರುದ್ದ ಮೇಲೆದ್ದು ಕೆಳಗೆ ಬಿತ್ತು.

ಟಾರ್ಪಿಡೊ ಪೆಟ್ಟು ಮುಂಭಾಗಕ್ಕೆ ಬಿದ್ದಿತ್ತು. ದೀಪ ಆರಿತು, ಕೆಂಡ ಚೆಲ್ಲಿತು, ಹಬೆ ಕಿರುಚಿತು. ವರ್ಸಮೆ ಇಥೆಲ್‌ನ ಕೊರಳಪಟ್ಟಿ ಹಿಡಿದು ಏಣಿಗೆ ನೂಕಿದ. ಮೇಲೆ ಬಂದಾಗ ಹಡಗಿನ ಮೂತಿ ಆಗಲೇ ನೀರಿನಲ್ಲಿತ್ತು. ಹೊಟ್ಟೆ ತುಂಬ ಕಲ್ಲಿದ್ದಲು ಇರುವ ಹಡಗು ಮುಳುಗುವುದಕ್ಕೆ ಸಮಯ ಕೇಳುವುದಿಲ್ಲ. ಹಡಗಿನ ರಕ್ಷಣಾ ದೋಣಿಗಳಲ್ಲಿ ಒಂದು ಚೂರಾಗಿತ್ತು, ಇನ್ನೊಂದು ಇಳಿಸುವಾಗ ಮಗುಚಿತು. ಕಾಲಡಿಯ ಹಲಗೆ ಜಾರಿಹೋಗಿ ಇಥೆಲ್‌ನ ಬಾಯಿಗೆ ಉಪ್ಪು ನೀರು ನುಗ್ಗಿತು.

ಕೈಗೆ ಸಿಕ್ಕಿದ್ದು ಒಂದು ಮರದ ತೆಪ್ಪ. ಅದರ ಮೇಲೆ ಗಾಯಗೊಂಡವರನ್ನು ಹತ್ತಿಸಿ, ಮಿಕ್ಕವರು ಹಗ್ಗ ಹಿಡಿದು ನೀರಿನಲ್ಲೇ ನೇತಾಡಿದರು. ಟುಡ್ವಲ್ ಇಥೆಲ್‌ನ ಪಕ್ಕದಲ್ಲಿದ್ದ. ಆ ನೀರಿನ ಚಳಿ ಮೂಳೆಯನ್ನು ಕಚ್ಚಿ ಹಿಡಿದು ಬಿಡುತ್ತಿರಲಿಲ್ಲ. ಅಡಿಗೆಯವನು ಮೊದಲು ಹಗ್ಗ ಬಿಟ್ಟ. ಯಾರೋ ಕೂಗಿದರು, ಅವನು ತಿರುಗಿ ನೋಡಲಿಲ್ಲ.

“ಅಲ್ಲಿ! ಅಲ್ಲಿ ನೋಡಿ!” ಎಂದು ತೆಪ್ಪದ ಮೇಲಿದ್ದ ವರ್ಸಮೆ ಅರಚಿದ.

ದೂರದಲ್ಲಿ, ಬೆರಳಿನಷ್ಟು ಉದ್ದಕ್ಕೆ, ಕಾವಲು ದೋಣಿ. ಮುರ್ಡೊ ಮರಳಿ ಬಂದಿದ್ದ. ಎಲ್ಲರೂ ಗಂಟಲು ಹರಿಯುವ ಹಾಗೆ ಕೂಗಿದರು. ದೋಣಿ ಈ ಕಡೆ ತಿರುಗಿದಂತೆ ಕಂಡಿತು, ಆಮೇಲೆ ಆ ಕಡೆ ತಿರುಗಿತು. ಸ್ವಲ್ಪ ದೂರ ಹೋಯಿತು, ನಿಂತಿತು, ಮತ್ತೆ ಬಂತು. ಏನನ್ನೋ ಹುಡುಕುವವರು ಹಾಗೆ ಮಾಡುತ್ತಾರೆ. ಕೊನೆಗೆ ಅದು ಉತ್ತರಕ್ಕೆ ಸಾಗಿ ಕಣ್ಮರೆಯಾಯಿತು. ಇಥೆಲ್‌ಗೆ ಜೀವಮಾನದಲ್ಲಿ ಅಂಥ ಭಯ ಆಗಿರಲಿಲ್ಲ. ಟಾರ್ಪಿಡೊ ಬಡಿದಾಗಲೂ ಆಗಿರಲಿಲ್ಲ.

“ಬರ್ತಾನೆ ಬಿಡು” ಎಂದ ಟುಡ್ವಲ್. ಹಲ್ಲು ಕಟಕಟ ಎನ್ನುತ್ತಿತ್ತು. “ಬಾಯಿ ಹೊಲಸು, ಮನುಷ್ಯ ಒಳ್ಳೆಯವ್ನು.”

“ಭಾವ, ಹಗ್ಗ ಗಟ್ಟಿಯಾಗಿ ಹಿಡ್ಕೋ.”

“ಹಿಡ್ಕೊಂಡಿದ್ದೀನಿ. ಚಳಿ ಕಣೋ. ಮೆರೆರಿಡ್‌ಗೆ...” ಎಂದು ಏನೋ ಹೇಳಲು ಹೋದ, ಹೇಳಲಿಲ್ಲ. ಇಥೆಲ್ ತನ್ನ ಬೆಲ್ಟು ಬಿಚ್ಚಿ ಅವನ ಮುಂಗೈಯನ್ನು ಹಗ್ಗಕ್ಕೆ ಕಟ್ಟಿದ, ಮಾತಾಡಿಸುತ್ತಲೇ ಇದ್ದ. ಊರಿನ ಮಾತು, ಆಲೂಗಡ್ಡೆಯ ಬೆಳೆಯ ಮಾತು, ಪ್ಯಾಟಗೋನಿಯಾಕ್ಕೆ ಹೋದವನ ಮಾತು. ಒಂದು ಹೊತ್ತಿನಲ್ಲಿ ಆ ಕಡೆಯಿಂದ ಹೂಂ ಎನ್ನುವುದು ನಿಂತಿತು. ಅವನು ಮಾತಾಡುವುದನ್ನು ನಿಲ್ಲಿಸಲಿಲ್ಲ.

ಸೂರ್ಯ ಇಳಿಯುವ ಹೊತ್ತಿಗೆ ಕಾವಲು ದೋಣಿ ಮತ್ತೆ ಬಂತು. ತೇಲುತ್ತಿದ್ದ ಹಲಗೆಗಳ ಸಾಲು ಹಿಡಿದು ಬಂದು ತೆಪ್ಪವನ್ನು ಕಂಡಿತು. ಹಗ್ಗ ಹಿಡಿದವರಲ್ಲಿ ಉಸಿರಾಡುತ್ತಿದ್ದವನು ಇಥೆಲ್ ಒಬ್ಬನೇ. ಬೆಲ್ಟು ಕತ್ತರಿಸಿ ಟುಡ್ವಲ್‌ನನ್ನೂ ಮೇಲೆಳೆದರು, ಮೀನಿನ ಬಲೆಗಳ ಮೇಲೆ ಮಲಗಿಸಿದರು. ಮುರ್ಡೊ ತನ್ನ ಕೋಟನ್ನು ಇಥೆಲ್‌ಗೆ ಹೊದಿಸಿ, ಚಹಾದ ಬಟ್ಟಲನ್ನು ಅವನ ಬಾಯಿಗೆ ತಾನೇ ಹಿಡಿದ. ಆ ಮುದುಕನ ಕಣ್ಣು ಕೆಂಪಾಗಿತ್ತು.

“ಬಿಟ್ಟು ಹೋದ್ನಲ್ಲ ಅಂತ ಮನಸ್ಸು ತಡೀಲಿಲ್ಲ ಮಾರಾಯ. ಮೂರನ್ನೂ ದ್ವೀಪದ ಮರೆಗೆ ಬಿಟ್ಟು ಮಧ್ಯಾಹ್ನಕ್ಕೇ ತಿರುಗಿ ಬಂದೆ. ಹೊಗೆ ನೋಡ್ಕೊಂಡು ನೆಟ್ಟಗೆ ನಿಮ್ಮ ಪಕ್ಕಕ್ಕೇ ಬರೋಣ ಅಂತ. ಎಲ್ಲಿ ನೋಡಿದ್ರೂ ಹೊಗೆ ಇಲ್ಲ! ಬೆಳಗ್ಗೆ ಬೈದದ್ದಕ್ಕೆ ನಾಲಿಗೆ ಕಚ್ಕೊಂಡೆ. ಒಂದು ಎಳೆ ತೋರ್ಸಪ್ಪ ದೇವ್ರೇ ಅಂತ ಬೇಡ್ಕೊಂಡೆ. ಕಂಡಿದ್ರೆ ಪೆಟ್ಟು ಬೀಳೋಕೆ ಮುಂಚೇನೇ ತೋಪು ಇಟ್ಕೊಂಡು ಪಕ್ಕದಲ್ಲಿ ಇರ್ತಿದ್ದೆ. ಅಷ್ಟು ಹೊಗೆ ಇತ್ತಲ್ಲ, ಯಾಕಪ್ಪಾ ನಿಲ್ಸಿದ್ರಿ?”

ವರ್ಸಮೆ ಮುಖವನ್ನು ಮೊಣಕಾಲ ನಡುವೆ ಇಟ್ಟುಕೊಂಡ. ಇಥೆಲ್ ಬಲೆಗಳ ಮೇಲೆ ಮಲಗಿದ್ದ ಭಾವನನ್ನು ನೋಡಿದ, ಆಮೇಲೆ ಮುದುಕನನ್ನು.

“ಹೆದರ್ಕೆ ಆಯ್ತು” ಎಂದ.