ಮೂರನೇ ಪ್ರೂಫು

ಆಫೀಸಿನಲ್ಲಿ ನನಗಿಟ್ಟ ಹೆಸರು ಕೆಂಪಿಂಕು. ಎದುರಿಗೆ ಸರ್ ಎನ್ನುತ್ತಾರೆ, ಬೆನ್ನು ತಿರುಗಿಸಿದರೆ ಕೆಂಪಿಂಕು. ಒಂದೇ ಪ್ರಕಾಶನದಲ್ಲಿ, ಒಂದೇ ಕಿಟಕಿಯ ಪಕ್ಕದಲ್ಲಿ ಮೂವತ್ತನಾಲ್ಕು ವರ್ಷ ಕೂತು ಕಂಡಕಂಡವರು ಬರೆದದ್ದನ್ನೆಲ್ಲ ತಿದ್ದಿದವನು ನಾನು. ಮೊಸರಿನಲ್ಲಿ ಕಲ್ಲು ಹುಡುಕುವುದೇ ನನ್ನ ಉದ್ಯೋಗ. ಹುಡುಕಿದರೆ ಸಿಕ್ಕೇ ಸಿಗುತ್ತದೆ, ಸಿಗದಿದ್ದರೆ ನೀವು ಸರಿಯಾಗಿ ಹುಡುಕಿಲ್ಲ ಎಂದೇ ಅರ್ಥ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದೆ.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಮೊದಲನೇ ಪ್ರೂಫಿನಲ್ಲಿ ತಪ್ಪು ಗುರುತಿಸಬೇಕು. ಎರಡನೆಯದರಲ್ಲಿ, ಗುರುತಿಸಿದ್ದನ್ನು ಪ್ರೆಸ್ಸಿನವರು ಸರಿಮಾಡಿದ್ದಾರೋ ಇಲ್ಲವೋ ನೋಡಬೇಕು. ಮೂರನೆಯದನ್ನು ಏನೂ ಗೊತ್ತಿಲ್ಲದವನ ಹಾಗೆ ಮೊದಲಿನಿಂದ ಕೊನೆಯವರೆಗೆ ಓದಿ, ಮೂಲೆಯಲ್ಲಿ 'ಅಚ್ಚಿಗೆ' ಎಂದು ಬರೆದು ಸಹಿ ಹಾಕಬೇಕು. ಬಹಳ ಜನ ಎರಡಕ್ಕೇ ಕೈ ತೊಳೆದುಕೊಳ್ಳುತ್ತಾರೆ. ನಾನು ಹಾಗಲ್ಲ. ಮೂರನೇ ಪ್ರೂಫು ನೋಡದೆ ನನ್ನ ಕೈಯಿಂದ ಒಂದು ಕರೆಯೋಲೆ ಕೂಡ ಹೊರಗೆ ಹೋದದ್ದಿಲ್ಲ. ಈ ಮಾತನ್ನು ಎಷ್ಟು ಸಲ ಎದೆಯುಬ್ಬಿಸಿ ಹೇಳಿದ್ದೇನೋ. ಈಗ ಹೇಳಿದರೆ ಬಾಯಿ ಕಹಿಯಾಗುತ್ತದೆ.

ಮದುವೆಯಾದ ಎರಡನೇ ವರ್ಷ ನನ್ನ ಹೆಂಡತಿ ಒಂದು ಕಥೆ ಬರೆದು ತೋರಿಸಿದ್ದಳು. ನಾಲ್ಕೇ ಪುಟ. ಅವಳು ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದಳು, ಅಲ್ಲಿಗೆ ಬಂದ ಒಬ್ಬಳು ಮುದುಕಿಯ ಕಥೆ. ಹೇಗಿದೆ ಎಂದು ಕೇಳಿದಳು. ಕೇಳಿದ್ದು ಅಷ್ಟೇ, ತಿದ್ದು ಎಂದು ಹೇಳಿರಲಿಲ್ಲ. ನಾನು ಕೆಂಪು ಪೆನ್ನು ತೆಗೆದು ಅರ್ಧ ಗಂಟೆಯಲ್ಲಿ ತಿದ್ದಿ ಕೊಟ್ಟೆ. ಅವಳು ಪುಟಗಳನ್ನು ತಿರುಗಿಸಿ ನೋಡಿ, "ಪಾಪ, ಮುದುಕಿಗೆ ತುಂಬಾ ಪೆಟ್ಟಾಗಿದೆ" ಎಂದು ನಕ್ಕಳು. ನಾನೂ ನಕ್ಕೆ. ಆಮೇಲೆ ಇಪ್ಪತ್ತಾರು ವರ್ಷ ಅವಳು ನನಗೆ ಒಂದು ಸಾಲೂ ತೋರಿಸಲಿಲ್ಲ. ಬರೆಯುವ ಹುಚ್ಚು ಬಿಟ್ಟುಹೋಯಿತು ಎಂದುಕೊಂಡು ನಾನು ಹಾಯಾಗಿದ್ದೆ.

ಅವಳ ಹೊಟ್ಟೆಯೊಳಗೆ ಗಡ್ಡೆ ಇದೆಯೆಂದು ಗೊತ್ತಾದಾಗ ಕಾಲ ಮೀರಿತ್ತು. ತಿಂಗಳುಗಳ ಲೆಕ್ಕ ಬೇಡ, ವಾರಗಳ ಲೆಕ್ಕ ಇಟ್ಟುಕೊಳ್ಳಿ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಏಳೆಂಟು ವಾರ ಇರಬಹುದು. ಒಳಗೆ ಹೋದರೆ ಅವಳು ಆಗಲೇ ಚಪ್ಪಲಿ ಹಾಕಿಕೊಂಡು ಕೂತಿದ್ದಳು. ಮುಖ ನೋಡಿಯೇ ತಿಳಿದುಕೊಂಡಿದ್ದಳು. ಜನರ ಮುಖ ಓದುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ಮನೆಗೆ ಬಂದವಳೇ ಅಡುಗೆಮನೆಯ ಕೆಳಗಿನ ಡ್ರಾಯರು ಎಳೆದಳು. ಮಸಿಬಟ್ಟೆ, ಹಳೇ ಡಬ್ಬಿ ಮುಚ್ಚಳಗಳ ಅಡಿಯಲ್ಲಿ ದಾರ ಕಟ್ಟಿದ ಹಾಳೆಗಳ ಕಟ್ಟು. ಬದಲಾದ ಬಸ್ ವೇಳಾಪಟ್ಟಿಗಳ ಹಿಂಬದಿಯಲ್ಲಿ ಬರೆದದ್ದು. ಹನ್ನೊಂದು ವರ್ಷ, ದಿನಕ್ಕೆ ಒಂದು ಮಗ್ಗುಲು. ಬೆಳಿಗ್ಗೆ ಹಾಲು ಕಾಯುವಷ್ಟು ಹೊತ್ತು ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು ನಿಂತೇ ಬರೆಯುತ್ತಿದ್ದಳಂತೆ. ಹಾಲು ಉಕ್ಕಿ ಬಂದರೆ, ಮಾತಿನ ಮಧ್ಯದಲ್ಲಿದ್ದರೂ ಪೆನ್ನು ಎತ್ತುವುದು. ಮಾರನೇ ದಿನ ಆ ಮಧ್ಯದಿಂದಲೇ ಶುರು. ಬರೆದು ಹರಿದು ಹಾಕಿದ್ದು ಹೋಗಿ ಉಳಿದದ್ದು ಇನ್ನೂರು ಪುಟ. ನಾನು ಪಕ್ಕದ ಕೋಣೆಯಲ್ಲಿ ಪೇಪರು ಓದುತ್ತ, ಅದರಲ್ಲೂ ತಪ್ಪು ಹುಡುಕುತ್ತ ಕೂತಿರುತ್ತಿದ್ದೆ. ಗೋಡೆಯಾಚೆ ಏನು ನಡೆಯುತ್ತಿದೆ ಎಂದು ಈ ಮಹಾಶಯನಿಗೆ ಗೊತ್ತಿರಲಿಲ್ಲ.

"ಮೊದಲು ಜೇಬಲ್ಲಿರೋ ಪೆನ್ನು ತೆಗೆದು ಮೇಜಿನ ಮೇಲಿಡಿ" ಎಂದಳು.

ಇಟ್ಟೆ. ಆಮೇಲೆ ಕಟ್ಟು ಕೊಟ್ಟಳು.

"ನಂಗಿದು ಪುಸ್ತಕ ಆಗ್ಬೇಕು. ಕೈಯಲ್ಲಿ ಹಿಡೀಬೇಕು, ಅಷ್ಟೇ ರೀ. ಯಾರೂ ಓದ್ದಿದ್ರೂ ಚಿಂತೆ ಇಲ್ಲ. ಆದ್ರೆ ನೀವು ಮುಟ್ಬಾರ್ದು. ಇದ್ದಂಗೇ ಅಚ್ಚಾಗ್ಬೇಕು."

"ಆಯ್ತು" ಎಂದೆ. ಮಾತು ಕೊಟ್ಟೆ.

ಆ ದಿನವೇ ಯಾವುದಾದರೂ ಸಣ್ಣ ಪ್ರೆಸ್ಸಿಗೆ ಕೊಟ್ಟಿದ್ದರೆ ಹತ್ತು ದಿನದಲ್ಲಿ ಪುಸ್ತಕ ಅವಳ ಕೈಯಲ್ಲಿರುತ್ತಿತ್ತು. ನಾನು ಹಾಗೆ ಮಾಡಲಿಲ್ಲ. ಸ್ವಂತ ಖರ್ಚಿನಲ್ಲಿ ಪುಸ್ತಕ ಹಾಕಿಸಿಕೊಳ್ಳುವವರನ್ನು ಕಂಡು ಜೀವನವಿಡೀ ಆಡಿಕೊಂಡವನು ನಾನು. ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುವವರು ಎಂದು ಎಷ್ಟು ಜನರ ಎದುರು ಹೇಳಿದ್ದೇನೆ. ನನ್ನ ಹೆಂಡತಿಯ ಪುಸ್ತಕ ಆ ಸಾಲಿಗೆ ಸೇರುವುದೆಂದರೇನು. ನಮ್ಮ ಪ್ರಕಾಶಕರ ಮೇಜಿನ ಮೇಲೆ ಹಾಳೆಗಳ ಪ್ರತಿ ಇಟ್ಟು ಬಂದೆ. ಅವರು ಇವತ್ತು ನೋಡುತ್ತೇನೆ, ನಾಳೆ ನೋಡುತ್ತೇನೆ ಎಂದು ಮೂರು ವಾರ ತಳ್ಳಿದರು. ಕೊನೆಗೆ, ಚೆನ್ನಾಗಿದೆ, ಸರದಿಯಲ್ಲಿ ಇಡೋಣ, ಮುಂದಿನ ವರ್ಷದ ಕೊನೆಗೆ ಬರಬಹುದು ಎಂದರು. ಖುಷಿಯಿಂದ ಮನೆಗೆ ಬಂದು ಹೇಳಿದೆ. ಅವಳು ಗೋಡೆಗೆ ಒರಗಿ ಕೂತು ಗಂಜಿ ಕುಡಿಯುತ್ತಿದ್ದಳು.

"ಮುಂದಿನ ವರ್ಷ ನನ್ನ ಫೋಟೋ ತಗೊಂಡು ಹೋಗ್ತೀರಾ ಬಿಡುಗಡೆಗೆ?" ಎಂದಳು. ಸಿಟ್ಟಿರಲಿಲ್ಲ, ನಿಜವಾಗಿಯೂ ಕೇಳಿದಂತೆ ಕೇಳಿದಳು. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು.

ಮಾರನೇ ದಿನ ದಾರದಕ್ಕನ ಹತ್ತಿರ ಹೋದೆ. ಹಿಂದಿನ ಬೀದಿಯಲ್ಲಿ ಅವಳದೊಂದು ಸಣ್ಣ ಪ್ರೆಸ್ಸು. ಒಂದು ಕಂಪ್ಯೂಟರು, ಒಂದು ಅಚ್ಚಿನ ಯಂತ್ರ, ಒಂದು ಕತ್ತರಿಸುವ ಯಂತ್ರ, ಗೋಂದಿನ ವಾಸನೆ. ಹೊಲಿಗೆ ಕೆಲಸವನ್ನೆಲ್ಲ ಅವಳೇ ಮಾಡುತ್ತಾಳೆ, ಕೊರಳಲ್ಲಿ ಸದಾ ಬೈಂಡಿಂಗ್ ದಾರದ ಲಡಿ ನೇತಾಡುತ್ತಿರುತ್ತದೆ, ಅದಕ್ಕೇ ಆ ಹೆಸರು. ವಿಷಯ ಕೇಳಿದವಳೇ ಕೈಯಲ್ಲಿದ್ದ ಕೆಲಸ ಬದಿಗಿಟ್ಟಳು. ಐದು ದಿನದಲ್ಲಿ ಟೈಪು ಮುಗಿಸಿ ಮೊದಲ ಪ್ರೂಫು ಎರಡು ಪ್ರತಿ ತೆಗೆದಳು. ಒಂದು ನನಗೆ, ಒಂದು ಪ್ರೆಸ್ಸಿನಲ್ಲಿ ಇಟ್ಟುಕೊಳ್ಳಲು.

ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಿದ್ದೆನಲ್ಲ. ಟೈಪು ಮಾಡುವಾಗ ಆದ ತಪ್ಪುಗಳನ್ನಷ್ಟೇ ನೋಡೋಣ ಎಂದು ಕೂತೆ. ಮೂರು ಪುಟ ಹಾಗೇ ಹೋಯಿತು. ನಾಲ್ಕನೇ ಪುಟದಲ್ಲಿ, ಎಂದೋ ನಿಂತುಹೋದ ಬಸ್ಸನ್ನು ದಿನಾ ಕೇಳಿಕೊಂಡು ಬರುವ ಒಬ್ಬ ಮನುಷ್ಯ. ಅವಳು ಬರೆದದ್ದು ಹೀಗೆ: "ಆ ಬಸ್ಸು ಬರಲ್ಲ ಅಂದೆ. ಬರ್ದಿದ್ರೆ ಬೇಡ ಬಿಡಿ, ಕೂತಿರ್ತೀನಿ ಅಂದ." ನಾನು ಅದನ್ನು ಹೀಗೆ ಮಾಡಿದೆ: "ಆ ಬಸ್ಸು ಬರುವುದಿಲ್ಲವೆಂದು ನಾನು ತಿಳಿಸಿದೆ. ಚಿಂತೆಯಿಲ್ಲ, ಇಲ್ಲಿಯೇ ಕುಳಿತು ಕಾಯುತ್ತೇನೆ ಎಂದು ಆತ ಉತ್ತರಿಸಿದ." ಪುಸ್ತಕವೆಂದ ಮೇಲೆ ಪುಸ್ತಕದ ಹಾಗಿರಬೇಕಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇವಳನ್ನು ಓದಿ ಯಾರೂ ನಗಬಾರದು, ಕೆಂಪಿಂಕಿನ ಹೆಂಡತಿಗೆ ಬರೆಯಲು ಬರುವುದಿಲ್ಲ ಎನ್ನಬಾರದು. ಮಾನ ಯಾರದು ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಕೈ ಒಮ್ಮೆ ಓಡತೊಡಗಿದ ಮೇಲೆ ನಿಲ್ಲಲಿಲ್ಲ. ಎರಡನೇ ಪ್ರೂಫಿನಲ್ಲಿ ಇನ್ನಷ್ಟು ಸಿಕ್ಕಿತು.

ಆ ಹೊತ್ತಿಗೆ ಅವಳನ್ನು ಆಸ್ಪತ್ರೆಗೆ ಸೇರಿಸಿಯಾಗಿತ್ತು. ಬೇರೆ ಊರಲ್ಲಿ ಕೆಲಸದಲ್ಲಿದ್ದ ಮಗಳು ರಜೆ ಹಾಕಿ ಬಂದು ಹಾಸಿಗೆಯ ಪಕ್ಕ ಕೂತಿದ್ದಳು. ಗುರುವಾರ ಮಧ್ಯಾಹ್ನ ಮೂರನೇ ಪ್ರೂಫು ತರಲು ಪ್ರೆಸ್ಸಿಗೆ ಹೋದೆ. ದಾರದಕ್ಕ ಸೂಜಿ ಬದಿಗಿಟ್ಟು ನನ್ನ ಮುಖ ನೋಡಿದಳು.

"ಅಕ್ಕ ಹೇಗಿದಾರೆ ಸರ್?"

"ಮಾತು ಕಮ್ಮಿ ಆಗಿದೆ."

"ನಾನೊಂದು ಮಾತು ಹೇಳ್ಲಾ? ಮೊದಲನೇ ಪ್ರೂಫಿನ ಪ್ರತಿ ಇನ್ನೊಂದು ನನ್ನ ಹತ್ರ ಇದೆ. ಅದನ್ನೇ ಮಡಿಚಿ ಹೊಲಿದು ರಟ್ಟು ಹಾಕಿ ಕೊಡ್ತೀನಿ. ಸಂಜೆ ಐದಕ್ಕೆ ತಗೊಂಡು ಹೋಗಿ ಅಕ್ಕನ ಕೈಲಿಡಿ. ಒಳ್ಳೇದು ಆಮೇಲೆ ಬರ್ಲಿ."

ನನಗೆ ಎಲ್ಲಿತ್ತೋ ಕೋಪ. "ತಪ್ಪು ತುಂಬಿರೋದನ್ನ ಅವಳ ಕೈಲಿಡ್ಲಾ? ಮೂವತ್ತನಾಲ್ಕು ವರ್ಷ ಬೇರೆಯವ್ರ ಪುಸ್ತಕ ತಿದ್ದಿದೋನು, ಮನೆಯವಳಿಗೆ ಕರಡು ಕೊಡ್ಬೇಕಾ? ಹೊಲಿಯೋದು ನಿಮ್ಮ ಕೆಲ್ಸ, ಅದನ್ನ ನೋಡ್ಕೊಳ್ಳಿ" ಎಂದೆ. ದಾರದಕ್ಕ ಮೂರನೇ ಪ್ರೂಫಿನ ಕಟ್ಟು ತಂದುಕೊಟ್ಟಳು. ಶನಿವಾರ ಬೆಳಿಗ್ಗೆ ಸಹಿ ಹಾಕಿ ತರುತ್ತೇನೆ ಎಂದು ಹೇಳಿ ಬಂದೆ.

ಸಂಜೆ ಆಸ್ಪತ್ರೆಯಲ್ಲಿ ಅವಳು ಎಚ್ಚರವಾಗಿದ್ದಳು.

"ಬಂತಾ?"

"ಇನ್ನೆರಡು ದಿನ. ಒಂದು ತಪ್ಪಿಲ್ದಂಗೆ ಬರುತ್ತೆ ನೋಡು."

"ತಪ್ಪಿದ್ರೆ ಇರ್ಲಿ ಬಿಡಿ." ನನ್ನ ಜೇಬಿನ ಕಡೆ ನೋಡಿ, "ನೀವು ಮುಟ್ಟಿಲ್ಲ ತಾನೇ?" ಎಂದಳು.

"ಇಲ್ಲ" ಎಂದೆ.

ಮುಖ ಓದುವುದರಲ್ಲಿ ಅವಳನ್ನು ಮೀರಿಸುವವರಿಲ್ಲ ಎಂದು ಆಗಲೇ ಹೇಳಿದೆ. ಅವಳು ನನ್ನನ್ನು ನೋಡಿದಳು. ಆಮೇಲೆ, "ಎಷ್ಟು ದಪ್ಪ ಇರುತ್ತೆ?" ಎಂದು ಕೇಳಿದಳು. ನಾನು ಹೆಬ್ಬೆರಳು ತೋರುಬೆರಳು ಅಗಲಿಸಿ ತೋರಿಸಿದೆ. ಅವಳು ಹೊದಿಕೆಯಿಂದ ಕೈ ಹೊರತೆಗೆದು ತನ್ನ ಬೆರಳುಗಳನ್ನು ಅಷ್ಟೇ ಅಗಲಿಸಿದಳು. "ಇಷ್ಟಾ" ಎಂದಳು. ನಾನು ಹೊರಡುವಾಗಲೂ ಬೆರಳು ಹಾಗೇ ಇತ್ತು. ಮಗಳು ಎಷ್ಟು ಸಲ ಕೈಯನ್ನು ಹೊದಿಕೆಯೊಳಗೆ ಇಟ್ಟರೂ ಮತ್ತೆ ಹೊರಗೆ ತೆಗೆಯುತ್ತಿದ್ದಳಂತೆ.

ಶುಕ್ರವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ಫೋನು ಬಂತು. ನಾನು ಮನೆಯಲ್ಲಿ ಮೇಜಿನ ಮುಂದೆ ನೂರಾ ಹನ್ನೆರಡನೇ ಪುಟದಲ್ಲಿದ್ದೆ. ಇದನ್ನು ಯಾರಿಗೂ ಹೇಳಿಲ್ಲ, ಈಗ ಹೇಳುತ್ತೇನೆ. ಫೋನು ಹೊಡೆದುಕೊಳ್ಳುತ್ತಿತ್ತು, ಅದು ಆಸ್ಪತ್ರೆಯಿಂದಲೇ ಎಂದು ನನಗೆ ಗೊತ್ತಿತ್ತು. ಆದರೂ ಕೈಯಲ್ಲಿದ್ದ ಸಾಲು ಮುಗಿಸಿಯೇ ಎತ್ತಿದೆ.

"ಅಪ್ಪಾ, ಅಮ್ಮ ಹೋದ್ಲು" ಎಂದಳು ಮಗಳು.

ಎಲ್ಲ ಮುಗಿದು ಹತ್ತು ದಿನಕ್ಕೆ ಪುಸ್ತಕದ ಕಟ್ಟುಗಳು ಬಂದವು. ಮೂರನೇ ಪ್ರೂಫನ್ನು ನಾನು ಮುಗಿಸಿದ್ದೆ, ಸಹಿಯನ್ನೂ ಹಾಕಿದ್ದೆ. ಹೆಂಡತಿ ಸತ್ತ ವಾರದಲ್ಲಿ ಕೂತು ಇದನ್ನು ಮಾಡಿದೆ ಎಂದರೆ ನೀವು ಥೂ ಎನ್ನಬಹುದು. ಅನ್ನಿ. ಸುಮ್ಮನೆ ಕೂರಲು ನನಗೆ ಬರುತ್ತಿರಲಿಲ್ಲ, ಬೇರೆ ಏನು ಮಾಡಲೂ ಗೊತ್ತಿರಲಿಲ್ಲ.

ಕಟ್ಟುಗಳನ್ನು ದಾರದಕ್ಕನೇ ಆಟೋದಲ್ಲಿ ತಂದಿದ್ದಳು. ಮಗಳು ಒಂದು ಪ್ರತಿ ತೆಗೆದುಕೊಂಡು ಕಿಟಕಿಯ ಹತ್ತಿರ ಕೂತಳು. ಹತ್ತು ಪುಟ ಓದಿರಬಹುದು, ಮುಚ್ಚಿ ಮಡಿಲಲ್ಲಿಟ್ಟುಕೊಂಡಳು.

"ಅಪ್ಪಾ, ಇದು ಅಮ್ಮನ ಮಾತಲ್ಲ."

ನಾನು ಇನ್ನೊಂದು ಕಟ್ಟಿನ ದಾರ ಬಿಚ್ಚುತ್ತ ಕೂತೆ.

"ಬಸ್ಸಿಗೆ ಕಾಯೋನ ಕಥೇನ ನಂಗೆ ಫೋನಲ್ಲಿ ಓದಿ ಹೇಳಿದ್ಲು. ಒಂದ್ಸಲ ಅಲ್ಲ, ಹತ್ಸಲ. ಅವ್ನು ಹಿಂಗೆ ಮಾತಾಡಲ್ಲ. ಇದು ನೀನು ಮಾತಾಡೋದು." ಮಡಿಲಲ್ಲಿದ್ದ ಪುಸ್ತಕವನ್ನು ಕಿಟಕಿಯ ಮೇಲಿಟ್ಟಳು. "ಅಷ್ಟೊಂದು ಹೇಳಿದ್ಲಲ್ಲಪ್ಪಾ ನಿಂಗೆ, ಮುಟ್ಬೇಡ ಅಂತ."

ಬಾಗಿಲ ಹತ್ತಿರ ನಿಂತಿದ್ದ ದಾರದಕ್ಕ ಚೀಲಕ್ಕೆ ಕೈ ಹಾಕಿ ಕಾಗದದಲ್ಲಿ ಸುತ್ತಿದ್ದ ಏನನ್ನೋ ತೆಗೆದಳು. ನನ್ನ ಕಡೆ ನೋಡದೆ ನೇರ ಮಗಳ ಹತ್ತಿರ ಹೋದಳು.

"ಸರ್ ಬೇಡ ಅಂದಿದ್ರು. ನನ್ನ ಮನಸ್ಸು ತಡೀಲಿಲ್ಲ, ಅವತ್ತು ಸಂಜೇನೇ ಹೊಲಿದಿಟ್ಟೆ. ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಗೆ ತಗೊಂಡು ಬಂದೆ ಕಣಮ್ಮ. ಹಾಸಿಗೆ ಬಟ್ಟೆ ಬದಲಾಯಿಸ್ತಾ ಇದ್ರು."

ಬೂದು ರಟ್ಟು, ಬೆನ್ನಿಗೆ ನೀಲಿ ಬಟ್ಟೆ. ಮೊದಲನೇ ಪ್ರೂಫು, ಅವಳು ಬರೆದ ಹಾಗೇ ಇದ್ದದ್ದು. ಗುರುವಾರ ಸಂಜೆ ಐದಕ್ಕೆ ನನ್ನ ಹೆಂಡತಿಯ ಕೈಯಲ್ಲಿ ಇರಬಹುದಾಗಿದ್ದ ಪುಸ್ತಕ. ಬೆರಳು ಅಗಲಿಸಿಕೊಂಡು ಕಾದಿದ್ದಳಲ್ಲ, ಅಷ್ಟೇ ದಪ್ಪ.

ನಾನು ಎದ್ದು ಕೈ ಚಾಚಿದೆ. ಮಗಳು ಅದನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದಳು.

"ಮೊದಲು ಪೆನ್ನು ಮೇಜಿನ ಮೇಲಿಡು."

ಅಮ್ಮ ಹೀಗೆ ಹೇಳಿದ್ದು ಅವಳಿಗೆ ಗೊತ್ತಿತ್ತೋ, ತಾನಾಗಿ ಬಾಯಿಗೆ ಬಂತೋ, ನಾನು ಕೇಳಲಿಲ್ಲ. ಜೇಬಿನಿಂದ ಪೆನ್ನು ತೆಗೆದು ಇಟ್ಟೆ. ಆದರೂ ಅವಳು ಪುಸ್ತಕ ಕೊಡಲಿಲ್ಲ. "ಕೂತ್ಕೋ, ನಾನು ಓದ್ತೀನಿ" ಎಂದಳು. ಕೂತೆ. ದಾರದಕ್ಕ ಹೊಸ್ತಿಲಲ್ಲೇ ಕೂತಳು.

ಮಗಳು ಓದಿದಳು. "ಆ ಬಸ್ಸು ಬರಲ್ಲ ಅಂದೆ. ಬರ್ದಿದ್ರೆ ಬೇಡ ಬಿಡಿ, ಕೂತಿರ್ತೀನಿ ಅಂದ."

ಅದು ಅವಳ ದನಿಯೇ. ವಿಚಾರಣೆ ಕಿಟಕಿಯ ಹಿಂದೆ ಕೂತು ಸಾವಿರ ಜನರಿಗೆ ತಾಳ್ಮೆಯಿಂದ ಉತ್ತರ ಹೇಳುತ್ತಿದ್ದವಳ ದನಿ. ಇಪ್ಪತ್ತೆಂಟು ವರ್ಷ ಮನೆಯಲ್ಲಿ ಕೇಳಿದ್ದೆ, ಕಾಗದದ ಮೇಲೆ ಗುರುತು ಹಿಡಿಯಲಿಲ್ಲ. ಕಣ್ಣು ತುಂಬಿ ಬಂತು. ನಿಜವಾಗಿ ತುಂಬಿ ಬಂತು. ಹಾಗಿದ್ದೂ ತೊಡೆಯ ಮೇಲಿದ್ದ ನನ್ನ ತೋರುಬೆರಳು, ಪೆನ್ನಿಲ್ಲದ ಬೆರಳು, 'ಬರ್ದಿದ್ರೆ' ಎಂದು ಅವಳು ಓದಿದ ಕಡೆ ಮೆಲ್ಲಗೆ ಒಂದು ಗೆರೆ ಎಳೆಯಿತು.

ಮಗಳು ಓದು ನಿಲ್ಲಿಸಿದಳು. ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ಬೆರಳನ್ನು ಮುಷ್ಟಿಯೊಳಗೆ ಅಡಗಿಸಿಕೊಂಡೆ, ಆದರೆ ಅವಳು ನೋಡಿಯಾಗಿತ್ತು. ಮುಖ ಓದುವುದು ಅವಳಿಗೂ ಅಮ್ಮನಿಂದಲೇ ಬಂದಿದೆ.

ಅವಳು ಎದ್ದು, ದಾರದಕ್ಕನ ಕೈ ಹಿಡಿದು ಎಬ್ಬಿಸಿದಳು. ಇಬ್ಬರೂ ಅಡುಗೆಮನೆಯೊಳಗೆ ಹೋದರು. ಬಾಗಿಲ ಚಿಲಕ ಬಿತ್ತು. ಸ್ವಲ್ಪ ಹೊತ್ತಿಗೆ ಒಳಗಿಂದ ಮತ್ತೆ ಓದುವ ದನಿ ಕೇಳಿಸತೊಡಗಿತು. ಮಾತು ತಿಳಿಯುತ್ತಿರಲಿಲ್ಲ, ದನಿಯಷ್ಟೇ. ನಾನು ಗೋಡೆಯ ಈಚೆ, ತಪ್ಪಿಲ್ಲದ ಪುಸ್ತಕಗಳ ಕಟ್ಟುಗಳ ಪಕ್ಕ ಕೂತಿದ್ದೆ.