ಎಡಕ್ಕೆ ಹಿಡಿದ ಕೊಳಲು

“ಇವನು ಕೊಳಲನ್ನ ಯಾಕೆ ಆ ಕಡೆ ಹಿಡ್ಕೊಂಡಿದಾನೆ?”

ಶೀನಣ್ಣ ಯಾರನ್ನೂ ಕೇಳಿದ್ದಲ್ಲ. ಕೈಯಲ್ಲಿದ್ದ ಮಂಗಳಾರತಿ ತಟ್ಟೆಯನ್ನು ಮರೆತು, ಗೋಡೆಯ ಮೇಲಿನ ಕೃಷ್ಣನನ್ನು ನೋಡುತ್ತ ತಮಗೆ ತಾವೇ ಅಂದುಕೊಂಡದ್ದು. ಚಾಮರಾಜಪೇಟೆಯ ನಮ್ಮ ಭಜನೆ ಮಂದಿರಕ್ಕೆ ಅವರೇ ಕಾರ್ಯದರ್ಶಿ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ದೀಪದ ಬತ್ತಿಯಿಂದ ಹಿಡಿದು ಚಪ್ಪಲಿ ಸ್ಟ್ಯಾಂಡಿನವರೆಗೆ ಎಲ್ಲವೂ ಅವರ ಚಿಂತೆಯೇ. ಆ ಚಿತ್ರದ ಕೆಳಗೆ ಓಡಾಡಿಕೊಂಡೇ ಅವರ ತಲೆ ನರೆತಿತ್ತು. ಕೊಳಲು ಯಾವ ಕಡೆಗಿದೆ ಎಂದು ಒಮ್ಮೆಯೂ ನೋಡಿರಲಿಲ್ಲ. ಹಿಂದಿನ ಸಂಜೆ ಗಮಕ ವಾಚನಕ್ಕೆ ವ್ಯಾಖ್ಯಾನ ಹೇಳಲು ಬಂದಿದ್ದ ವಿದ್ವಾಂಸರೊಬ್ಬರು ಹೊರಡುವಾಗ, ಕೃಷ್ಣನ ಕೊಳಲು ಅವನ ಬಲಕ್ಕಲ್ಲವೇ ಚಾಚಿರಬೇಕು, ಇಲ್ಲಿ ಎಡಕ್ಕಿದೆಯಲ್ಲ ಎಂದು ನಕ್ಕು ಹೋಗಿದ್ದರು. ನಗು ಅವರದು, ಸಂಕಟ ಶೀನಣ್ಣನದು.

ಅದು ಗಾಜಿನ ಮೇಲೆ ಬರೆದ ಚಿತ್ರ. ಅದಕ್ಕೇ ನನ್ನನ್ನು ಕರೆದರು.

ನಾನು ಗಾಜಿನ ಕೆಲಸದವಳು. ಮಂದಿರದ ಹಿಂದಿನ ಓಣಿಯಲ್ಲಿ ಅಪ್ಪ ಬಿಟ್ಟುಹೋದ ಶೆಡ್ಡಿನಲ್ಲಿ ಕೂತು, ಕಾಲೇಜು ಲ್ಯಾಬುಗಳಿಗೆ ಬೇಕಾದ ಫ್ಲಾಸ್ಕು, ಕಂಡೆನ್ಸರುಗಳನ್ನು ಉರಿಯ ಮುಂದೆ ಊದಿ ಮಾಡುತ್ತೇನೆ. ಕಾದ ಗಾಜು ಕಣ್ಣು ಕುಕ್ಕುವ ಹಳದಿ ಬೆಳಕು ಚೆಲ್ಲುತ್ತದೆ. ಆ ಹಳದಿಯಲ್ಲಿ ಗಾಜೇ ಕಾಣದು. ಅದಕ್ಕೆಂದು ನೇರಳೆ ಬಣ್ಣದ ಕನ್ನಡಕ ಹಾಕಿಕೊಳ್ಳುತ್ತೇವೆ. ಹಾಕಿದೊಡನೆ ಹಳದಿ ಮಾಯ, ಗಾಜು ಮಾತ್ರ ಉಳಿಯುತ್ತದೆ. ಕನ್ನಡಕ ತೆಗೆದರೂ ಕಣ್ಣಿನ ಚಾಳಿ ಹೋಗುವುದಿಲ್ಲ. ಬೀದಿಯಲ್ಲಿ ನಡೆಯುವಾಗ ಹಳೆಮನೆಯ ಕಿಟಕಿ ನೆತ್ತಿಯ ಕೆಂಪು ಗಾಜಿನ ತುಂಡು, ಕಾಂಡಿಮೆಂಟ್ಸ್ ಅಂಗಡಿಯ ಭರಣಿ, ಆಟೋ ಕನ್ನಡಿಯ ಬಿರುಕು ಇವೇ ನನಗೆ ಮೊದಲು ಕಾಣುವುದು, ಮನುಷ್ಯರು ಆಮೇಲೆ.

ಸಂಜೆ ಬರ್ನರ್ ಆರಿಸಿ ಮಂದಿರಕ್ಕೆ ಹೋಗಿ ಒಂದು ಮೂಲೆಯಲ್ಲಿ ಕೂರುತ್ತೇನೆ. ತಾತನ ತೊಡೆಯ ಮೇಲೆ ಷಟ್ಪದಿ ಕೇಳುತ್ತ ನಿದ್ದೆ ಹೋದವಳು ನಾನು. ಅರ್ಥವಾಗುವುದಕ್ಕೆ ಮೊದಲೇ ಓದುವವರ ಉಸಿರು ಎಲ್ಲಿ ನಿಲ್ಲುತ್ತದೆ, ಎಲ್ಲಿ ತಿರುಗುತ್ತದೆ ಎಂಬುದು ತಿಳಿದಿತ್ತು. ಗಾಜು ಊದುವುದಕ್ಕೂ ಬೇಕಾದ್ದು ಅಷ್ಟೇ.

“ರಂಜಿನಿ, ಇದನ್ನ ತಿರುಗಿಸಿ ಹಾಕಿದ್ರೆ ಸರಿಹೋಗಲ್ವೇನಮ್ಮ?” ಎಂದರು ಶೀನಣ್ಣ.

ಚೌಕಟ್ಟನ್ನು ಇಳಿಸಿ, ಹಿಂದಿನ ಹಲಗೆ ಬಿಚ್ಚಿ ತೋರಿಸಿದೆ. ಕೃಷ್ಣನಿರಲಿಲ್ಲ, ಗೋಡೆಗೆ ಬಳಿದಂತೆ ಬರೀ ಮಂಕು ನೀಲಿ. ಇಂಥ ಚಿತ್ರವನ್ನು ಗಾಜಿನ ಬೆನ್ನಿಗೆ ಬರೆದು ಮುಂದಿನಿಂದ ನೋಡುತ್ತಾರೆ. ಮುತ್ತಿನ ಹಾರ, ಕಣ್ಣಿನ ಗೊಂಬೆ ಮೊದಲು, ಮೈಬಣ್ಣ ಆಮೇಲೆ, ಆಕಾಶ ಕಟ್ಟಕಡೆಗೆ. ಪದ್ಯವೊಂದನ್ನು ಕೊನೆಯ ಸಾಲಿನಿಂದ ಹೇಳುತ್ತ ಬಂದ ಹಾಗೆ. ಎಡಬಲಗಳನ್ನೂ ತಿರುಗಿಸಿ ಬರೆಯಬೇಕು. ಕಲಿಯುವವರು ಅದನ್ನು ಮರೆತು, ಎದುರಿಗಿಟ್ಟ ಚಿತ್ರವನ್ನು ಇದ್ದ ಹಾಗೇ ಬರೆದು ದೇವರನ್ನು ಎಡಚನನ್ನಾಗಿ ಮಾಡುವುದುಂಟು ಎಂದೆ.

“ಅಂದ್ರೆ ಕಲಿಯೋರ ಕೈಕೆಲಸ ಇದು,” ಎಂದು ಅವರು ನಿರಾಳರಾದರು. “ಬಣ್ಣ ಕೆರೆದ್ಬಿಡು. ಹಳೇ ಗಾಜು, ತೇಗದ ಫ್ರೇಮು, ಅವಿರಲಿ. ಅಷ್ಟಮಿಗೆ ಒಳ್ಳೇದೊಂದು ಪ್ರಿಂಟ್ ಹಾಕೋಣ.”

ಚಿತ್ರಕ್ಕೆ ಬಟ್ಟೆ ಸುತ್ತಿ ಹೊರಟಾಗ ರಂಗನಾಯಕಮ್ಮ ನನ್ನ ಸೆರಗು ಹಿಡಿದರು.

ಎಂಬತ್ತು ದಾಟಿದ ಇವರದು ಮಂದಿರದಲ್ಲೊಂದು ವಿಚಿತ್ರ. ಎಲ್ಲರೂ ವಾಚನದವರ ಕಡೆ ಮುಖ ಮಾಡಿ ಕೂತರೆ, ಇವರ ಕುರ್ಚಿ ಬಲಗೋಡೆಯ ಹಳೇ ಬೀರುವಿನ ಕಡೆಗೆ. ತಾಳ, ತಂಬೂರಿ ಇಡುವ ಆ ಬೀರುವಿನ ಬಾಗಿಲಿಗೆ ಕನ್ನಡಿಯಿದೆ. ಭಜನೆಗೆ ಬರುವ ನಂದಿತಾ ಒಮ್ಮೆ, ಅಜ್ಜಿ ಇನ್ನೂ ಬ್ಯೂಟಿ ನೋಡ್ಕೊಳೋದು ಬಿಟ್ಟಿಲ್ಲ ಎಂದು ಚುಡಾಯಿಸಿದ್ದಳು. “ನೋಡೋ ಹಾಗಿದೀನಿ, ನೋಡ್ಕೊಳ್ತೀನಿ. ನಿಂಗ್ಯಾಕೇ ಹೊಟ್ಟೆಕಿಚ್ಚು?” ಎಂದಿದ್ದರು ರಂಗನಾಯಕಮ್ಮ, ಕತ್ತು ಕೂಡ ತಿರುಗಿಸದೆ.

ಈಗ ಆ ಕತ್ತು ತಿರುಗಿತ್ತು. “ಯಾವಾಗ ತರ್ತೀಯಾ?”

ಹೊಸ ಕೃಷ್ಣ ಬರುತ್ತಾನೆ, ಇನ್ನೂ ಚೆನ್ನಾಗಿರುತ್ತಾನೆ ಎಂದು ಶೀನಣ್ಣನೇ ಉತ್ತರ ಕೊಟ್ಟರು.

“ನಂಗೆ ಇವನು ಬೇಕು,” ಎಂದರು ಆಕೆ. ಹೇಳಿದ್ದು ಶೀನಣ್ಣನಿಗಲ್ಲ, ನನ್ನ ಕಂಕುಳಿನ ಬಟ್ಟೆಯ ಗಂಟಿಗೆ.

ಶೆಡ್ಡಿನಲ್ಲಿ ಬಾಗಿಲ ಬೆಳಕಿಗೆ ಚಿತ್ರವನ್ನು ಒರಗಿಸಿ ಕೂತೆ. ಗಾಜಿನೊಳಗೆ ಎಳ್ಳಿನಷ್ಟು ಗುಳ್ಳೆಗಳು. ಒಂದು ಗುಳ್ಳೆ ಸರಿಯಾಗಿ ಕೃಷ್ಣನ ಮೂಗುತಿಯ ಜಾಗಕ್ಕೇ ಬರುವಂತೆ ಮುಖವನ್ನು ಕೂರಿಸಿದ್ದರು. ಹಾರದ ಮುತ್ತುಗಳಲ್ಲಿ ಒಂದೂ ಸೊಟ್ಟಗಿಲ್ಲ. ಗುಳ್ಳೆಯನ್ನು ನೋಡಿ ಮೂಗು ಬರೆಯುವಷ್ಟು ಪಳಗಿದ ಕೈ ಎಡಬಲ ಮರೆಯುತ್ತದೆಯೇ? ಬ್ಲೇಡು ತೆಗೆದುಕೊಂಡವಳು ಕೆಳಗಿಟ್ಟೆ. ಮರೆತಿಲ್ಲವಾದರೆ ಬೇಕೆಂದೇ ಬರೆದದ್ದು. ಯಾಕೆ? ಫ್ಲಾಸ್ಕಿನ ಕತ್ತು ಎಳೆಯುವಾಗಲೂ ಅದೇ ಯೋಚನೆಯಾಗಿ ಎರಡು ಫ್ಲಾಸ್ಕು ಹಾಳಾದವು.

ಆ ಸಂಜೆ ಮಂದಿರಕ್ಕೆ ಹೋದರೆ ರಂಗನಾಯಕಮ್ಮನ ಕುರ್ಚಿ ತಿರುಗಿತ್ತು. ಎಲ್ಲರ ಹಾಗೆ ವಾಚನದವರ ಕಡೆ ಮುಖ ಮಾಡಿ ಕೂತಿದ್ದರು. ನಂದಿತಾ, ಇವತ್ತು ಅಜ್ಜಿ ದಾರಿಗೆ ಬಂದರು ಎಂದಳು. ಅಜ್ಜಿ ಕಣ್ಣು ಮುಚ್ಚಿ ಕೂತರು.

ಮಂಗಳಾರತಿಯಾಗಿ ಎಲ್ಲರೂ ಎದ್ದ ಮೇಲೆ ನಾನು ಹೋಗಿ ಅವರು ದಿನವೂ ಕೂರುತ್ತಿದ್ದ ಜಾಗದಲ್ಲಿ ಕೂತೆ. ಬೀರುವಿನ ಕನ್ನಡಿಯ ಬೆನ್ನಿನ ಪಾದರಸದ ಲೇಪ ಅಂಚಿನಿಂದ ತಿಂದುಹೋಗಿ, ಕಪ್ಪು ಮೋಡಗಳ ನಡುವೆ, ನನ್ನ ತಲೆಗಿಂತ ಮೇಲೆ, ಅಂಗೈಯಗಲ ಮಾತ್ರ ಶುದ್ಧವಾಗಿತ್ತು. ಅದರಲ್ಲಿ ನನ್ನ ಮುಖ ಕಾಣಲಿಲ್ಲ. ನನ್ನ ಬೆನ್ನಹಿಂದಿನ ಗೋಡೆ ಕಂಡಿತು. ಗೋಡೆಯಲ್ಲೊಂದು ಬರಿ ಮೊಳೆ, ಮೊಳೆಯ ಕೆಳಗೆ ಚಿತ್ರವಿದ್ದ ಬಿಳಿಚು ಚೌಕ. ಒಂದಿಷ್ಟು ಪಕ್ಕಕ್ಕೆ ಸರಿದೆ. ಮೊಳೆಯೂ ಇಲ್ಲ, ಚೌಕವೂ ಇಲ್ಲ.

ಬೆಳಿಗ್ಗೆ ಶೀನಣ್ಣ ಬಾಗಿಲು ತೆಗೆಯುವಾಗಲೇ ಚಿತ್ರ ಹೊತ್ತು ಹೋಗಿ, ಅವರು ಏನು ಎತ್ತ ಎನ್ನುವಷ್ಟರಲ್ಲಿ ಮೊಳೆಗೆ ತಗಲಿಸಿ ಕುರ್ಚಿಯಲ್ಲಿ ಕೂತೆ. ಕನ್ನಡಿಯ ಆ ಅಂಗೈಯಗಲದಲ್ಲಿ ಕೃಷ್ಣ ನಿಂತಿದ್ದ. ಕೊಳಲು ಅವನ ಬಲಕ್ಕಿತ್ತು.

ಹಾಲು ಕೊಳ್ಳಲು ಬಂದಿದ್ದ ರಂಗನಾಯಕಮ್ಮ ಬಾಗಿಲಲ್ಲಿ ನಿಂತು ನೋಡಿದರು. ಚೀಲವನ್ನು ನನ್ನ ಕೈಗೆ ಕೊಟ್ಟು ನನ್ನನ್ನು ಎಬ್ಬಿಸಿ ತಾವು ಕೂತರು. ಆಮೇಲೆ ಹೇಳಿದರು. ಅವರ ತಂದೆ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ತಾಯಿ ಅಟ್ಟದ ಏಣಿಯಿಂದ ಬಿದ್ದು ಬೆನ್ನು ಮುರಿದುಕೊಂಡು ಹಾಸಿಗೆ ಹಿಡಿದರು, ಕತ್ತು ಹೊರಳಿಸುವಂತಿರಲಿಲ್ಲ. ಕೋಣೆಯಲ್ಲಿ ಕಾಲ್ದೆಸೆಗೆ ಈ ಬೀರು, ಪಕ್ಕಕ್ಕೆ ಬಾಗಿಲು, ಕಿಟಕಿ. ಖಾಲಿ ಗೋಡೆಯೆಂದರೆ ತಲೆದೆಸೆಯದೊಂದೇ. ಅಲ್ಲಿ ಏನು ಹಾಕಿದರೂ ಆಕೆಗೆ ಕಾಣುವುದು ಬೀರುವಿನ ಕನ್ನಡಿಯಲ್ಲಿ ಮಾತ್ರ.

“ಎಲ್ಲಾ ಚಿತ್ರಾನೂ ಅಪ್ಪ ತಿರುಗಿಸಿ ಬರೀತಿದ್ರು. ಇದೊಂದನ್ನ ತಿರುಗಿಸ್ಲಿಲ್ಲ. ಅಮ್ಮನಿಗೆ ಕನ್ನಡೀಲಿ ಸರಿಯಾಗಿ ಕಾಣ್ಲಿ ಅಂತ.”

ತಾಯಿ ಹೋದ ಮೇಲೆ ತಂದೆ ಚಿತ್ರ, ಬೀರು ಎರಡನ್ನೂ ಮಂದಿರಕ್ಕೆ ಕೊಟ್ಟು, ತಾವೇ ನಿಂತು ಎದುರುಬದುರು ಇಡಿಸಿದ್ದರಂತೆ. ಇಷ್ಟು ದಿನ ಯಾಕೆ ಯಾರಿಗೂ ಹೇಳಲಿಲ್ಲ ಎಂದು ಕೇಳಿದೆ.

“ಯಾರು ಕೇಳಿದ್ರು? ಎಲ್ರೂ ನಕ್ರು.”

ಶೀನಣ್ಣ ಆಗ ಕುರ್ಚಿಯ ಹಿಂದೆ ಬಂದು, ಮಂಡಿ ನೋವನ್ನೂ ಮರೆತು ಬಗ್ಗಿ, ಅವರ ಭುಜದ ಮೇಲಿಂದ ಕನ್ನಡಿ ನೋಡಿದರು. ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ ಮತ್ತೆ ನೋಡಿದರು. ಪ್ರಿಂಟಿನ ಮಾತು ಅಲ್ಲಿಗೆ ಮುಗಿಯಿತು.

ಮುಗಿಯದ್ದು ಅವರ ಉತ್ಸಾಹ. ಬಂದವರಿಗೆಲ್ಲ ಹೇಳಿದರು, ವಿದ್ವಾಂಸರಿಗೂ ಫೋನು ಮಾಡಿದರು. ಸುದ್ದಿ ಬಸವನಗುಡಿಯವರೆಗೂ ಹೋಯಿತು. ಅಷ್ಟಮಿಯ ಸಂಜೆ ಚಕ್ಕುಲಿ, ಕೋಡುಬಳೆ ಕಟ್ಟಿದ ಮಂಟಪದ ಮುಂದೆ ಯಾರೂ ಇಲ್ಲ. ಸಾಲು ನಿಂತಿದ್ದದ್ದು ಬೀರುವಿನ ಕಡೆಗೆ. ಸಾಲಿನ ತುದಿಯಲ್ಲಿ, ಕೃಷ್ಣ ಕಾಣುವ ಆ ಒಂದೇ ಜಾಗದಲ್ಲಿ, ಹಸಿರು ರೇಷ್ಮೆ ಸೀರೆಯುಟ್ಟು ರಂಗನಾಯಕಮ್ಮ ಕೂತಿದ್ದರು. ಜನ ಅವರ ಎಡಬಲಕ್ಕೆ ಕತ್ತು ಚಾಚಿ, ಕಪ್ಪು ಕಲೆ ಮಾತ್ರ ಕಂಡು, ಗೊಣಗುತ್ತಿದ್ದರು.

ಶೀನಣ್ಣ ಬಂದು ಕೈಮುಗಿದು ಬಗ್ಗಿದರು. “ರಂಗನಾಯಕಮ್ಮನೋರೆ, ಇವತ್ತೊಂದು ದಿನ ಆ ಕಡೆ ಕೂತ್ಕೊಳಿ. ಎಲ್ರೂ ಒಂದ್ಸಲ ನೋಡ್ಕೊಳ್ಲಿ.”

ವಾಚನದವರು ಪದ್ಯದ ನಡುವೆ ಉಸಿರಿಗೆಂದು ನಿಂತಿದ್ದರು. ರಂಗನಾಯಕಮ್ಮ ಕನ್ನಡಿಯಿಂದ ಕಣ್ಣು ಕೀಳಲಿಲ್ಲ.

“ಆಗಲ್ಲ ಶೀನ. ನಾನು ಏಳಲ್ಲ.”