ಹಗೇವಿನ ಬುಡ

ಹಣಮಂತರಾಯ ಮತ್ತು ಅವನ ತಮ್ಮ ಚಂದ್ರಾಮಪ್ಪ ಹಾರೆ ಹಾಕಿ ಪಡಸಾಲೆಯ ಮೂಲೆಯ ಫರಸಿಕಲ್ಲನ್ನು ಎಬ್ಬಿಸಿದಾಗ ಸಂಜೆಯಾಗುತ್ತ ಬಂದಿತ್ತು. ಕಲ್ಲಿನ ಕೆಳಗೆ ಹಗೇವಿನ ಬಾಯಿ ಕಪ್ಪಗೆ ತೆರೆದುಕೊಂಡಿತು. ಒಬ್ಬ ಮನುಷ್ಯ ಕೈ ಮೇಲೆತ್ತಿಕೊಂಡು ಇಳಿಯುವಷ್ಟೇ ಅಗಲ. ತಂದೆ ತೀರಿಕೊಂಡ ಮೇಲೆ ಈ ನೆಲದಡಿಯ ಕಣಜಕ್ಕೆ ಯಾರೂ ಜೋಳ ತುಂಬಿರಲಿಲ್ಲ. ಬುಡದಲ್ಲಿ ಉಳಿದದ್ದು ಅಲ್ಲಿಯೇ ಕೊಳೆತ ಹುಳಿ ವಾಸನೆ ಮೇಲೆ ಬಂತು.

"ಇವತ್ತ ಬಾಯಿ ತಗದಿಡೂದು, ನಾಳಿಗಿ ಇಳಿಯೂದು," ಎಂದ ಹಣಮಂತರಾಯ, ಹೆಗಲ ಮೇಲಿನ ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತ. "ಒಳಗಿನ ಹವಾ ಕೆಟ್ಟಿರ್ತದ್ರಿ ಬಾಯಾರ. ನಮ್ಮ ಮುತ್ಯಾನ ಕಾಲಕ್ಕ ಒಬ್ಬಾಂವ ಗಡಿಬಿಡಿ ಮಾಡಿ ಇಳದಿದ್ದ. ಮ್ಯಾಲ ಬರಲೇ ಇಲ್ಲ."

"ನಂಗೇನ್ ಗಡಿಬಿಡಿ ಇಲ್ರಿ," ಎಂದಳು ಶಿವಕಾಂತಾ. ಅದು ಪೂರ್ತಿ ನಿಜವಾಗಿರಲಿಲ್ಲ.

೧೯೮೭ರ ಮೇ ತಿಂಗಳು. ಹೈದರಾಬಾದಿನಲ್ಲಿ ಕಟ್ಟುತ್ತಿದ್ದ ಹೋಟೆಲೊಂದರ ಒಳಾಂಗಣ ವಿನ್ಯಾಸ ಅವಳ ಪಾಲಿಗೆ ಬಂದಿತ್ತು. ಅದರ ಮೊಗಸಾಲೆಯ ಚಾವಣಿ ಈ ಸೀಮೆಯ ಕಲ್ಲುಕೆಲಸದ ಮಾದರಿಯಲ್ಲಿ ಇರಬೇಕೆಂದು ಅವಳೇ ಹಟ ಹಿಡಿದಿದ್ದಳು. ಒಂದು ವಾರದಿಂದ ಬಸ್ಸು ಹತ್ತಿ ಇಳಿದು ಅಫಜಲಪುರದ ಹಳೆಯ ವಾಡೆಗಳ ಬಾಗಿಲುವಾಡಗಳನ್ನೂ ಜೇವರ್ಗಿಯ ಕಂಬಗಳನ್ನೂ ನೆಲೋಗಿಯ ಗೂಡುಗಳನ್ನೂ ಬರೆದುಕೊಂಡಿದ್ದಳು. ಕಂಬ, ಬಾಗಿಲುಗಳನ್ನು ಯಾರಾದರೂ ಬರೆದಾರು. ಆಳಂದದ ಈ ಮನೆಯ ನೆಲದ ಕೆಳಗೆ ಇದ್ದದ್ದೇ ಬೇರೆ. ಸಾಮಾನ್ಯ ಹಗೇವು ಮಣ್ಣಿನ ಗುಂಡಿ, ಇದು ಕಲ್ಲಿನದು. ಬಳೆಯಂತೆ ಕೊರೆದ ಕಲ್ಲುಗಳನ್ನು ಸುತ್ತಾಗಿ ಜೋಡಿಸಿ, ಪ್ರತಿ ಸುತ್ತನ್ನೂ ಕೆಳಗಿನದಕ್ಕಿಂತ ತುಸು ಒಳಕ್ಕೆ ಚಾಚಿ, ಗಡಿಗೆಯ ಹೆಗಲಿನಂತೆ ಮೇಲೆ ಮುಚ್ಚುತ್ತ ಬಂದಿದ್ದರು. ನಡುವೆ ಸುಣ್ಣವಿಲ್ಲ, ಗಾರೆಯಿಲ್ಲ. ಬುಡದಲ್ಲಿ ನಿಂತು ಮೇಲೆ ನೋಡಿದರೆ ಕಾಣುವುದು ಅವಳಿಗೆ ಬೇಕಾದ ಚಾವಣಿಯೇ. ಇಂಥದ್ದನ್ನು ಕಟ್ಟುವವರು ಈಗ ಯಾರೂ ಇರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಚಂದ್ರಾಮಪ್ಪ ಕೇಳಿದ, "ಇಂಟೀರಿಯರ್ ಡಿಸೈನರ್ ಅಂದ್ರ ಏನ್ರಿ ಬಾಯಾರ? ಮಂದಿ ಮನ್ಯಾಗ ಸೋಫಾ ಎಲ್ಲಿಡಬೇಕಂತ ಹೇಳೋರಾ?"

"ಹೇಳಿದ್ರ ಕೇಳಾವ್ರು ಇರಬೇಕಲ್ರಿ."

"ನಮ್ಮ ಮನ್ಯಾಗ ಸೋಫಾ ಇಲ್ಲ. ಅಣ್ಣ ಅದಾನ. ಅಂವನ್ನ ಎಲ್ಲಿಡೂದು ಹೇಳ್ರಿ, ಪಡಸಾಲಿ ತುಂಬ ಅಂವನೇ ಆಗ್ಯಾನ."

ಹಣಮಂತರಾಯನ ದೊಡ್ಡ ಹೊಟ್ಟೆ ನಗೆಗೆ ಕುಲುಕಿತು. ಅವರ ತಾಯಿ ಗೌರಾಬಾಯಿ ರೊಟ್ಟಿ ಬಡಿಸುತ್ತ, "ಸುಮ್ಮ ಉಣ್ಣಲೇ. ಹೆಂಡ್ತಿ ನಿಂಬರ್ಗಾಕ್ಕ ಹೋದ ದಿನದಿಂದ ನಾಲಗಿಗಿ ಲಗಾಮಿಲ್ಲ ಇವಗ," ಎಂದರು. ಚಂದ್ರಾಮಪ್ಪನ ಹೆಂಡತಿ ಚೊಚ್ಚಲ ಬಸುರಿ, ತವರಿಗೆ ಹೋಗಿದ್ದಳು.

ಮರುದಿನ ಬೆಳಿಗ್ಗೆ ಎಲ್ಲರೂ ಹಗೇವಿನ ಸುತ್ತ ಸೇರಿದರು. ದಾಲ್ ಮಿಲ್ಲಿಗೆ ಹೋಗಬೇಕಾದ್ದರಿಂದ ಚಂದ್ರಾಮಪ್ಪ ಪ್ಯಾಂಟು ಹಾಕಿ ಬೆಲ್ಟು ಬಿಗಿದುಕೊಂಡೇ ಬಂದಿದ್ದ. ಗೌರಾಬಾಯಿ ಚಿಮಣಿ ದೀಪಕ್ಕೆ ದಾರ ಕಟ್ಟಿ ಹಚ್ಚಿಕೊಂಡು ಬಂದರು. ಹಗೇವಿಗೆ ಇಳಿಯುವ ಮೊದಲು ದೀಪ ಬಿಡುವುದು ಆ ಮನೆಯ ರೂಢಿ.

ದೀಪದಿಂದ ಕಪ್ಪು ಹೊಗೆ ಏಳುತ್ತಿತ್ತು. ಫೋಟೋ ತೆಗೆಯಬೇಕಾದ ಕಲ್ಲಿಗೆ ಮಸಿ ಹಿಡಿದರೆ ಎಂದು ಶಿವಕಾಂತಾಳ ಜೀವ ಕಸಿವಿಸಿಗೊಂಡಿತು.

"ಬ್ಯಾಡ್ರಿ ಅವ್ವಾರ, ಹೊಗಿ ಆಗ್ತದ. ನನ್ನ ಕಡಿ ದೊಡ್ಡ ಬ್ಯಾಟರಿ ಅದ. ಬುಡತನಾ ಚೊಲೋ ಕಾಣಸ್ತದ."

ಬ್ಯಾಟರಿ ಹೊತ್ತಿಸಿದಳು. ಬಿಳಿಯ ಬೆಳಕು ನೇರವಾಗಿ ಬುಡ ಮುಟ್ಟಿತು. ಕಲ್ಲಿನ ಒಂದೊಂದು ಸುತ್ತೂ ಅದರ ಉಳಿಗಾಯಗಳೂ ಎದ್ದು ಕಂಡವು.

"ಅಬಾಬಾ, ಹಗಲಾಗ್ಯಾದಲೇ ಒಳಗ!" ಎಂದ ಚಂದ್ರಾಮಪ್ಪ.

ಗೌರಾಬಾಯಿಯೂ ಬಗ್ಗಿ ನೋಡಿದರು. ಐವತ್ತು ವರ್ಷ ಈ ಮನೆಯಲ್ಲಿದ್ದರೂ ಅದರ ಬುಡವನ್ನು ಅಷ್ಟು ನಿಚ್ಚಳವಾಗಿ ಅವರು ಕಂಡಿರಲಿಲ್ಲ. ಹಗೇವಿನ ಬಾಯಿ ರಾತ್ರಿಯೆಲ್ಲ ತೆರೆದಿತ್ತು, ಒಳಗೆಲ್ಲ ಕಾಣುತ್ತಿತ್ತು. ಅವರು ದೀಪವನ್ನು ಗೋಡೆಯ ಬದಿಗಿಟ್ಟರು.

"ಹಗ್ಗ ನಡಕ್ಕ ಕಟ್ಟಿಕೋಲೇ," ಎಂದ ಅಣ್ಣ.

"ಯಾಕ, ನಾ ಏನ್ ಕೊಡಾ ಏನು?" ಎಂದು ತಮ್ಮ ಕಂಬಕ್ಕೆ ಬಿಗಿದ ಹಗ್ಗವನ್ನು ಹಿಡಿದು ಸರ್ರನೆ ಇಳಿದುಬಿಟ್ಟ.

ಶಿವಕಾಂತಾ ಅಳತೆಯ ಟೇಪನ್ನು ಇಳಿಬಿಟ್ಟಳು. ಅವನು ನಿಂತಲ್ಲಿಂದಲೇ ಕೈ ಚಾಚಿದರೆ ಸಿಗುವ ಸುತ್ತು, ಹೆಗಲ ಮಟ್ಟದ ಸುತ್ತು, ಎದೆಯ ಮಟ್ಟದ ಸುತ್ತು ಎಂದು ಒಂದೊಂದನ್ನೇ ಅಳೆದು ಕೂಗಿದ. ಅವಳು ಹಲಗೆಯ ಮೇಲಿನ ಕಾಗದದಲ್ಲಿ ಗುರುತು ಹಾಕಿದಳು. ಬಾಗುಗೆರೆ ಮೇಲಿನಿಂದ ಕೆಳಕ್ಕೆ ಚುಕ್ಕೆ ಚುಕ್ಕೆಯಾಗಿ ಮೂಡುತ್ತಿತ್ತು.

"ಬಾಯಾರ, ಇಲ್ಲಿ ಸೋಫಾ ಯಾವ ಕಡಿ ಇಡೂದ್ರಿ?" ಒಳಗಿನಿಂದ ದನಿ ಗುಂಯ್ಗುಟ್ಟಿತು. ಮೇಲಿದ್ದವರೆಲ್ಲ ನಕ್ಕರು.

"ಇನ್ನೊಂದೇ ಉಳೀತ್ರಿ. ಬುಡದ ಅಗಲ. ಬಗ್ಗಿ ನೆಲಕ್ಕ ಹಚ್ಚಿ ಹಿಡೀರಿ."

"ತಲಿ ಜರಾ ಭಾರ ಆಗಾಕತ್ತದ್ರಿ. ಸೆಕಿ ಭಾಳ ಅದ ಇಲ್ಲಿ."

"ಇದೊಂದ ಕಡೀ ಅಳತಿ ರೀ. ಆಮ್ಯಾಲ ಬಂದುಬಿಡ್ರಿ."

ಅವನು ಬಗ್ಗಿದ. ಬಿಗಿಯಾಗಿದ್ದ ಟೇಪು ಅವಳ ಕೈಯಲ್ಲಿ ಸಡಿಲಾಯಿತು.

"ಎಷ್ಟ ಬಂತ್ರಿ?"

ಅವಳು ಬ್ಯಾಟರಿ ತಿರುಗಿಸಿದಳು. ಚಂದ್ರಾಮಪ್ಪ ಬೋರಲಾಗಿ ಬಿದ್ದಿದ್ದ, ಕೆನ್ನೆ ಕೊಳೆತ ಜೋಳಕ್ಕೆ ಒತ್ತಿಕೊಂಡಿತ್ತು. ಅವನ ಮೇಲೆ ಬಿದ್ದ ಬೆಳಕು ಮಾತ್ರ ಮೊದಲಿನಷ್ಟೇ ಬೆಳ್ಳಗಿತ್ತು.

"ಚಂದ್ರಾಮಾ! ಮಸ್ಕರಿ ಮಾಡಬ್ಯಾಡಲೇ!" ಎಂದು ಕೂಗಿದ ಹಣಮಂತರಾಯ. ಮರುಕ್ಷಣವೇ ಅಂಗಿ ಕಿತ್ತೆಸೆದು ಬಾಯಿಯ ಅಂಚಿಗೆ ಕೂತು ಕಾಲು ಇಳಿಬಿಟ್ಟ.

ಶಿವಕಾಂತಾಳ ಬಿಎಸ್ಸಿ ಮೊದಲ ವರ್ಷದ ಪ್ರಯೋಗಶಾಲೆಯಲ್ಲಿ ಮೇಷ್ಟರು ಬರಿದಾಗಿ ಕಂಡ ಗಾಜಿನ ಪಾತ್ರೆಯೊಂದನ್ನು ಉರಿಯುವ ಮೇಣದಬತ್ತಿಯ ಮೇಲೆ ನೀರು ಸುರಿಯುವಂತೆ ಬಗ್ಗಿಸಿದ್ದರು. ಏನೂ ಸುರಿದಂತೆ ಕಾಣಲಿಲ್ಲ, ಬತ್ತಿ ಮಾತ್ರ ಆರಿತ್ತು. ಶಿವಕಾಂತಾ ಗೋಡೆಯ ಬದಿಯ ಚಿಮಣಿಯನ್ನು ನೋಡಿದಳು. ಮುದುಕಿ ತಂದದ್ದು ಬೆಳಕಿಗಷ್ಟೇ ಅಲ್ಲ. ಬೆಳಕು ಅದರ ಅರ್ಧ ಕೆಲಸ ಮಾತ್ರ. ಗಾಳಿ ಕೆಟ್ಟಿದ್ದರೆ ಆರಿ ತೋರಿಸುವ ಉಳಿದರ್ಧವನ್ನು ಅವಳ ಬ್ಯಾಟರಿ ಮಾಡಲಾರದು. ನಿಂತಷ್ಟು ಹೊತ್ತು ಚಂದ್ರಾಮಪ್ಪನ ಮೂಗು ಬುಡದಲ್ಲಿ ಮಡುಗಟ್ಟಿದ ಆ ಭಾರದ ಗಾಳಿಯ ಮೇಲಿತ್ತು. ಬಗ್ಗು ಎಂದವಳು ಅವಳು.

ಅವಳು ಹಣಮಂತರಾಯನ ತೋಳು ಹಿಡಿದಳು. "ಇಳೀಬ್ಯಾಡ್ರಿ! ಇಳದ್ರ ನೀವೂ ಬೀಳ್ತೀರಿ!"

"ಕೈ ಬಿಡ್ರಿ!"

"ಒಳಗ ಕೆಟ್ಟ ಹವಾ ಅದ. ನಿಮ್ಮ ಕಾಲಕಡಿನೇ ಅದ!"

"ನನ್ನ ತಮ್ಮ ಅದಾನ್ರಿ ಒಳಗ! ನಿಮ್ಮ ಅಳತಿ ಸಲುವಾಗಿ ಸಾಯಾಕ ಬಿಡ್ಲೇನು?" ಅವನು ಕೊಸರಿದ ರಭಸಕ್ಕೆ ಅವಳ ತಲೆ ಕಂಬಕ್ಕೆ ಬಡಿಯಿತು.

ಅವಳು ಎದ್ದು ಚಿಮಣಿಯನ್ನು ತಂದು ಅವನ ಕಾಲುಗಳ ನಡುವಿನಿಂದಲೇ ದಾರ ಇಳಿಬಿಟ್ಟಳು. ದೀಪ ಕಲ್ಲಿನ ಸುತ್ತುಗಳನ್ನು ದಾಟುತ್ತ ಇಳಿಯಿತು. ನಿಂತ ಮನುಷ್ಯನ ಎದೆಯ ಮಟ್ಟ ಮುಟ್ಟಿದೊಡನೆ ಜ್ವಾಲೆ ಬತ್ತಿಯಿಂದ ಬಿಟ್ಟುಕೊಂಡಂತಾಗಿ ಆರಿತು. ಹೊಗೆ ಮೇಲೆ ಏಳದೆ ಅಲ್ಲಿಯೇ ಮಡುಗಟ್ಟಿ ನಿಂತಿತು.

ಹಣಮಂತರಾಯ ಅದನ್ನು ನೋಡಿದ. ಆದರೂ ಕಾಲು ತೆಗೆಯಲಿಲ್ಲ. ಹಗ್ಗ ಅವನ ಮುಷ್ಟಿಯಲ್ಲಿತ್ತು. "ಉಸಿರು ಬಿಗಿಹಿಡಕೊಂಡು ಇಳೀತೇನಿ," ಎಂದ.

"ಹಣಮಂತ." ಗೌರಾಬಾಯಿಯ ದನಿ ದೊಡ್ಡದಾಗಿರಲಿಲ್ಲ. "ಕಾಲ ತಗಿ."

"ಯವ್ವಾ—"

"ಒಬ್ಬಾಂವ ಒಳಗ ಅದಾನ. ಇನ್ನೊಬ್ಬನ್ನ ನಾ ಕಳಸೂದಿಲ್ಲ. ಬಾವಿ ಕಟ್ಟಿ ಮ್ಯಾಲ ಪಾತಾಳಗರಡಿ ಅದ. ಓಡು."

ಅವನು ಓಡಿದ. ಕೂಗು ಕೇಳಿ ಪಕ್ಕದ ಮನೆಯ ಜೀಪಿನ ಖಾಜಾ ಒಳಗೆ ಬಂದವನು ಕೇಳುವ ಮೊದಲೇ ಎಲ್ಲ ತಿಳಿದುಕೊಂಡ. ಗೌರಾಬಾಯಿ ಕೌದಿಯೊಂದಕ್ಕೆ ಹಗ್ಗ ಬಿಗಿದುಕೊಟ್ಟರು. ಖಾಜಾ ಅದನ್ನು ಹಗೇವಿನೊಳಗೆ ಇಳಿಸಿ ಎಳೆದು, ಇಳಿಸಿ ಎಳೆದು ಗಾಳಿ ಕದಡಿದ.

ಬಾವಿಗೆ ಬಿದ್ದ ಕೊಡ ಎತ್ತುವ ಕಬ್ಬಿಣದ ಕೊಕ್ಕೆಗಳ ಗೊಂಚಲು ಬಂತು. ಕೊಕ್ಕೆಗಳ ತುದಿ ಚೂಪಾಗಿತ್ತು. ಶಿವಕಾಂತಾ ನೆಲಕ್ಕೆ ಎದೆಯೊತ್ತಿ ಬ್ಯಾಟರಿ ಹಿಡಿದಳು.

"ಬೆನ್ನ ಮ್ಯಾಲ ಅದ್ರಿ... ಎಡಕ್ಕ... ಜರಾ ಎಡಕ್ಕ..."

ಹಣಮಂತರಾಯ ಎಳೆದ. ಕೊಕ್ಕೆ ಅಂಗಿಯನ್ನು ಹಿಡಿದು ಮೈಯನ್ನು ಅರ್ಧ ಎಬ್ಬಿಸಿತು. ಅಂಗಿ ಪರ್ರನೆ ಹರಿದು ಮೈ ಮತ್ತೆ ಬಿತ್ತು. ಮತ್ತೆ ಬಿಟ್ಟಾಗ ಕೊಕ್ಕೆ ತೊಡೆಗೆ ತಾಗಿ ಪ್ಯಾಂಟಿನ ಮೇಲೆ ಕಪ್ಪು ಗೆರೆ ಮೂಡಿತು. ಅವನ ಮೈ ಮಿಸುಕಲಿಲ್ಲ. ನೋವಿಗೂ ಮಿಸುಕದ್ದನ್ನು ಕಂಡು ಹಣಮಂತರಾಯ ಕೊಕ್ಕೆಯನ್ನು ಬಿಡಿಸಿ ಮೇಲೆಳೆದುಕೊಂಡ.

"ನಿಂಬರ್ಗಾಕ್ಕ ಏನಂತ ಹೇಳಿ ಕಳಸಲಿ ಬಸವಾ," ಎಂದರು ಗೌರಾಬಾಯಿ, ಯಾರಿಗೂ ಅಲ್ಲ.

"ಬೆಲ್ಟ್," ಎಂದಳು ಶಿವಕಾಂತಾ. "ಬೆಲ್ಟಿಗಿ ಹಾಕ್ರಿ. ಸೊಂಟದ ನಡುವ. ಇನ್ನಷ್ಟು ಬಿಡ್ರಿ. ಈಗ ಎಳೀರಿ, ಸಾವಕಾಶ. ಸಿಕ್ತು! ಸಿಕ್ಕಾದ್ರಿ!"

ಖಾಜಾ ಕೌದಿ ಬಿಟ್ಟು ಹಗ್ಗಕ್ಕೆ ಕೈ ಹಾಕಿದ. ಚಂದ್ರಾಮಪ್ಪ ಸೊಂಟದಲ್ಲಿ ಮಡಚಿಕೊಂಡು, ತಲೆಯೂ ಕಾಲೂ ಜೋಲುತ್ತ ಮೇಲೇರಿದ. ಹಗೇವಿನ ಕತ್ತು ಕಿರಿದಾದಲ್ಲಿ ಮೈ ಅಡ್ಡವಾಗಿ ಸಿಕ್ಕಿಬಿತ್ತು. ಎಳೆದರೆ ಬೆಲ್ಟು ಹರಿಯುತ್ತದೆ, ಬಿಟ್ಟರೆ ಮತ್ತೆ ಬುಡ.

"ನೀ ಹಿಡೀಪಾ ಖಾಜಾ!" ಹಣಮಂತರಾಯ ಹೊಟ್ಟೆಯ ಮೇಲೆ ಮಲಗಿ ಎರಡೂ ತೋಳು ಒಳಗೆ ಚಾಚಿದ. ಶಿವಕಾಂತಾಳೂ ಗೌರಾಬಾಯಿಯೂ ಅವನ ಕಾಲುಗಳ ಮೇಲೆ ಕೂತರು. ತಮ್ಮನ ಒಂದು ಕೈ ಸಿಕ್ಕಿತು. ಅದನ್ನೆಳೆದು ಹೆಗಲನ್ನು ಹಗೇವಿನ ಬಾಯಿಗೆ ತಂದ; ತಲೆ ಬಂತು, ಎದೆ ಬಂತು, ಆಮೇಲೆ ಉಳಿದದ್ದೆಲ್ಲ ಒಮ್ಮೆಲೇ ಬಂತು.

ಮುಖ ಸೀಸದ ಬಣ್ಣಕ್ಕೆ ತಿರುಗಿತ್ತು. ಗೌರಾಬಾಯಿ ಕೆನ್ನೆಗೆ ಹೊಡೆದರು. ಶಿವಕಾಂತಾ ಮಂಡಿಯೂರಿ, ಯಾರನ್ನೂ ಕೇಳದೆ, ಅವನ ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಊದಿದಳು. ಖಾಜಾ ಮುಖ ತಿರುಗಿಸಿದ. ಮತ್ತೆ ಊದಿದಳು. ಗರಗಸ ಎಳೆದಂಥ ಸದ್ದಿನೊಂದಿಗೆ ಅವನ ಎದೆ ತಾನಾಗಿ ಏರಿತು.

ಖಾಜಾನ ಜೀಪು ಅಣ್ಣತಮ್ಮಂದಿರನ್ನು ಹಾಕಿಕೊಂಡು ದವಾಖಾನೆಗೆ ಹೋಯಿತು. ಪಡಸಾಲೆಯಲ್ಲಿ ಇಬ್ಬರು ಹೆಂಗಸರು ಉಳಿದರು.

"ತಪ್ಪ ನಂದು ಅವ್ವಾರ. ದೀಪ ಬ್ಯಾಡಂದಾಕಿ ನಾನು."

"ದೀಪ ನನ್ನ ಕೈಯಾಗಿತ್ತು," ಎಂದರು ಗೌರಾಬಾಯಿ. ಬೀದಿಯಲ್ಲಿ ಗಾಡಿಯ ಸದ್ದಾದಾಗಲೆಲ್ಲ ಇಬ್ಬರೂ ತಲೆ ಎತ್ತುತ್ತಿದ್ದರು. ಶಿವಕಾಂತಾಳ ಹಣೆಯ ಬಾವು ಕಂಡು ಮುದುಕಿ ಎದ್ದು ಅರಿಶಿಣ ಕಲಸಿ ತಂದು ಹಚ್ಚಿದರು. ಕೈ ಒರಟಾಗಿತ್ತು, ಮೆತ್ತಗೆ ಹಚ್ಚಬೇಕೆಂಬ ಮನಸ್ಸೂ ಅವರಿಗೆ ಇದ್ದಂತಿರಲಿಲ್ಲ.

ಮಧ್ಯಾಹ್ನ ಖಾಜಾ ಬಂದ. "ಕಣ್ಣ ತಗದಾನ ಅವ್ವಾ. ಹೆಸರು ಹೇಳ್ದ, ಊರ ಹೇಳ್ದ. ಚಾ ಬೇಕಂತ ಹಟ ಹಿಡದಾನ. ಡಾಕ್ಟರು ಎರಡ ದಿನಾ ಇಲ್ಲೇ ಇರ್ಲಿ ಅಂದಾರ."

ಗೌರಾಬಾಯಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಒಮ್ಮೆ ಅತ್ತರು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿತ್ತಿಲಿಗೆ ನಡೆದರು. ಮಳೆಗಾಲಕ್ಕೆ ಮೊದಲು ಮಾಳಿಗೆಯ ಮೇಲೆ ಹಾಕಲು ತಂದ ಮಣ್ಣು ಅಲ್ಲಿ ಗುಡ್ಡೆಯಾಗಿ ಬಿದ್ದಿತ್ತು. ಬುಟ್ಟಿ ತುಂಬಿ ಹೊತ್ತು ತಂದು ಹಗೇವಿನ ಬಾಯಿಯ ಬಳಿ ಇಳಿಸಿದರು.

"ಖಾಜಾ, ನಾಕ ಮಂದೀನ ಕರಕೊಂಡ ಬಾಪಾ. ಸಂಜಿಯೊಳಗ ಇದು ತುಂಬಬೇಕು. ನನ್ನ ಸೊಸಿ ಕೂಸಿನ್ನ ಎತ್ತಿಕೊಂಡು ಈ ಮನಿಗಿ ಬರಾಕಿ ಅದಾಳ."

ಶಿವಕಾಂತಾಳ ಹಲಗೆ ಕಂಬಕ್ಕೆ ಆನಿಸಿತ್ತು. ಕಾಗದದ ಮೇಲಿನ ಬಾಗುಗೆರೆ ಎದೆಯ ಮಟ್ಟದ ಸುತ್ತಿಗೆ ಬಂದು ನಿಂತಿತ್ತು. ಬುಡದ ಅಗಲವಿಲ್ಲದೆ ಅದು ಎಲ್ಲಿ ತಿರುಗಿ ನೆಲ ಮುಟ್ಟುತ್ತದೆಂದು ಹೇಳಲಾಗದು. ಒಂದು ತಾಸು ಸಾಕಿತ್ತು. ಕೌದಿಯಿಂದ ಗಾಳಿ ಕದಡಿ, ದೀಪ ಬಿಟ್ಟು, ಅದು ಬುಡದಲ್ಲಿ ಉರಿಯುವುದನ್ನು ನೋಡಿ, ನಡಕ್ಕೆ ಹಗ್ಗ ಕಟ್ಟಿಕೊಂಡು ಅವಳೇ ಇಳಿಯಬಹುದಿತ್ತು. ಇಳಿದು ಒಮ್ಮೆ ಮೇಲೆ ನೋಡಬಹುದಿತ್ತು.

ಗೌರಾಬಾಯಿ ಹಲಗೆಯನ್ನು ನೋಡಿದರು, ಆಮೇಲೆ ಅವಳನ್ನು.

"ನಿನ್ನ ಅಳತಿ ಮುಗೀತೇನವ್ವ?"

"ಮುಗೀತ್ರಿ," ಎಂದಳು ಶಿವಕಾಂತಾ.

ಮುದುಕಿ ಬುಟ್ಟಿಯ ಒಂದು ಅಂಚು ಹಿಡಿದು, ಇನ್ನೊಂದನ್ನು ಅವಳ ಕಡೆ ತಿರುಗಿಸಿದರು. ಇಬ್ಬರೂ ಸೇರಿ ಎತ್ತಿದರು. ಮಣ್ಣು ಬುಡ ಮುಟ್ಟಿದ ಸದ್ದು ತುಸು ತಡೆದು ಮೇಲೆ ಬಂತು. ಶಿವಕಾಂತಾ ಬರಿದಾದ ಬುಟ್ಟಿಯನ್ನು ತೆಗೆದುಕೊಂಡು ಹಿತ್ತಿಲ ಕಡೆ ಹೋದಳು.